ಬಚ್ಚಲಲ್ಲಿ ಕೂತ ಜೇಡಿಮಣ್ಣು

ಎಷ್ಟು ಬಿಸಿನೀರು ಸುರಿದರೂ ಬಚ್ಚಲು ಕುಡಿಯಲಿಲ್ಲ. ತಾಮು ತನ್ನ ನಿಲುವಂಗಿಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿಕೊಂಡು ಕಂದುನೀರಿನಲ್ಲಿ ನಿಂತಿದ್ದಳು. ಮೊದಲು ವಿನೆಗರ್ ಸುರಿದಿದ್ದಳು, ಆಮೇಲೆ ಅಡುಗೆಸೋಡಾ. ಅದು ಒಂದಿಷ್ಟು ನೊರೆ ಉಕ್ಕಿಸಿ, ತನ್ನ ಪಾಲಿನ ಕೆಲಸ ಮುಗಿಯಿತೆಂಬಂತೆ ಸುಮ್ಮನಾಗಿತ್ತು. ಸಂಜೆಯ ನಮಾಜಿಗೆ ಮುಂಚೆ ನಲ್ಲಿ ರಿಪೇರಿಯವನು ಬರುತ್ತಾನೆ. ಅವನು ಕೈಹಾಕಿ ತೆಗೆಯುವ ಮೊದಲ ಹಿಡಿಯಲ್ಲೇ ತನ್ನ ಗುಟ್ಟು ಹೊರಬೀಳುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಬೆಳಗ್ಗೆ ತಿಂಡಿಯ ಹೊತ್ತಿಗೂ ಇದೇ ಮಾತು. ಮಗ ಇದ್ರೀಸ್ ರೊಟ್ಟಿಯನ್ನು ಆಲಿವ್ ಎಣ್ಣೆಗೆ ಅದ್ದುತ್ತ ಹೆಂಡತಿಯನ್ನು ಕೆಣಕಿದ್ದ.

"ನಿನ್ನ ಜಡೆ ಅರ್ಧ ತಲೆ ಮೇಲಿದೆ, ಅರ್ಧ ಬಚ್ಚಲಲ್ಲಿದೆ ಕಣೇ. ಕೆಳಮನೆ ಝುಹೂರ್ ಹಜ್ಜಾ ನನ್ನ ಮೆಟ್ಟಿಲಲ್ಲೇ ಹಿಡ್ಕೊಂಡ್ಲು. ಅವಳ ಸೂರೆಲ್ಲ ಒದ್ದೆ ಆಗಿದ್ಯಂತೆ."

"ಹಾಗಾದ್ರೆ ಬೋಳಿಸ್ಕೊಂಡು ಬರ್ತೀನಿ, ಬಿಡಿ," ಎಂದಳು ಸಿಹಾಮ್. "ಹಮ್ಮಾಮಲ್ಲಿ ಇದೇ ಜಡೆ ನೋಡಿ ತಾನೆ ನಿಮ್ಮಮ್ಮ ಹೆಣ್ಣು ಕೇಳಿದ್ದು. ಅಲ್ವಾ ಅತ್ತೆ?"

ತಾಮು ಚಹಾದ ಲೋಟದಲ್ಲಿದ್ದ ಪುದೀನ ಎಲೆಯನ್ನು ನೋಡುತ್ತ ಕೂತಿದ್ದಳು. ಒಂದು ತಿಂಗಳಿಂದ ಸೊಸೆ ಈ ಮಾತು ಕೇಳಿಸಿಕೊಳ್ಳುತ್ತಿದ್ದಾಳೆ. ತಪ್ಪು ಅವಳ ಜಡೆಯದಲ್ಲ, ತಾಮು ತಲೆಗೆ ಹಚ್ಚುವ ಘಸೂಲ್ ಎಂಬ ಜೇಡಿಮಣ್ಣಿನದು. ಲವಂಗ, ಒಣಗುಲಾಬಿ ಸೇರಿಸಿ ಆ ಮಣ್ಣನ್ನು ನೆನೆಸುವ ಹದ ಅವಳ ಅಮ್ಮನಿಂದ ಬಂದದ್ದು. ಕೇರಿಯ ಹೆಂಗಸರೆಲ್ಲ ಸೇರಿ ಮೀಯುವ ಹಮ್ಮಾಮಿನಲ್ಲಿ ಯಾರೂ ಅದಕ್ಕೆ ತಲೆಕೆಡಿಸಿಕೊಳ್ಳುವುದಿಲ್ಲ. ಅಲ್ಲಿಯ ಚರಂಡಿ ಅಗಲ, ಹತ್ತಾರು ಹೆಂಗಸರು ಬಕೆಟ್‌ಗಟ್ಟಲೆ ನೀರು ಸುರಿಯುತ್ತಾರೆ, ಮಣ್ಣು ಕೊಚ್ಚಿ ಹೋಗುತ್ತದೆ. ಮನೆಯ ಸಣ್ಣ ಕೊಳವೆಯಲ್ಲಿ ಅದು ಕುಂಬಾರನ ಮುದ್ದೆಯ ಹಾಗೆ ಕೂತುಬಿಡುತ್ತದೆ. ಮೆಕ್ನೆಸ್ ಊರಿನಲ್ಲಿ ಬುದ್ಧಿಯಿರುವ ಯಾವ ಹೆಂಗಸೂ ಮನೆಯ ಬಚ್ಚಲಲ್ಲಿ ಘಸೂಲ್ ತೊಳೆಯುವುದಿಲ್ಲ.

ಆದರೆ ತಾಮು ಹಮ್ಮಾಮಿಗೆ ಕಾಲಿಡದೆ ಚಳಿಗಾಲವೇ ಕಳೆದಿತ್ತು. ಅಲ್ಲಿ ಮೈ ಉಜ್ಜುವ ಬತೂಲಳ ಕೈ ಒಂದು ದಿನ ಅವಳ ಎಡ ಎದೆಯ ಪಕ್ಕ, ಕಂಕುಳ ಕೆಳಗೆ ಬಂದು ನಿಂತಿತ್ತು. "ಇದೇನೇ ತಾಮು, ಒಳಗೆ ಗಂಟು?" ಎಂದಿದ್ದಳು ಮೆಲ್ಲಗೆ. "ಕುರು," ಎಂದು ತಾಮು ಎದ್ದು ಬಂದವಳು ಮತ್ತೆ ಅತ್ತ ಹೋಗಲಿಲ್ಲ. ಅವಳ ಅಕ್ಕನಿಗೂ ಹೀಗೇ ಶುರುವಾಗಿತ್ತು. ಅಕ್ಕ ರಬಾತಿನ ಆಸ್ಪತ್ರೆಗೆ ನಡೆದುಕೊಂಡೇ ಹೋಗಿದ್ದಳು. ವಾಪಸು ನಾಲ್ವರು ಹೊತ್ತು ತಂದರು. ಹೇಳದಿದ್ದರೆ ಗಂಟು ಬರೀ ಗಂಟಾಗಿಯೇ ಇರುತ್ತದೆ ಎಂಬ ಲೆಕ್ಕ ತಾಮುವಿನದು. ಆದರೆ ಕಡಲೆಯಷ್ಟಿದ್ದದ್ದು ಈಗ ಆಲಿವ್ ಕಾಯಿಯಷ್ಟಾಗಿತ್ತು.

ಅಂದಿನಿಂದ ಪ್ರತಿ ಗುರುವಾರ ಸಿಹಾಮ್ ಹೊಲಿಗೆ ಕೆಲಸಕ್ಕೆ ಹೊರಟ ಮೇಲೆ ತಾಮು ಮನೆಯಲ್ಲೇ ಮೀಯುತ್ತಿದ್ದಳು. ಆಮೇಲೆ ಹಮ್ಮಾಮಿಗೆ ಒಯ್ಯುವ ಬಕೆಟ್ಟು, ಚಾಪೆಗಳನ್ನು ಒದ್ದೆ ಮಾಡಿ ಬಾಲ್ಕನಿಯಲ್ಲಿ ಹರವುತ್ತಿದ್ದಳು. ಸೊಸೆ ಬಂದು ಅದನ್ನು ನೋಡಿ, ಮಿಂದು ಬಂದವರಿಗೆ ಎಲ್ಲರೂ ಹೇಳುವ ಮಾತನ್ನೇ ಹೇಳುತ್ತಿದ್ದಳು: "ಆರೋಗ್ಯ ಸಿಗಲಿ ಅತ್ತೆ." ತಾಮು ವಾಡಿಕೆಯ ಉತ್ತರ ಕೊಡುತ್ತಿದ್ದಳು: "ದೇವರು ನಿಂಗೂ ಕೊಡಲಿ ಮಗಳೇ." ಪ್ರತಿ ಸಲವೂ ಕದ್ದ ಹಣ್ಣು ತಿಂದ ಹಾಗಾಗುತ್ತಿತ್ತು.

ಈಗ ಅವಳು ಜಾಲರಿ ಎತ್ತಿ, ಬಟ್ಟೆ ನೇತುಹಾಕುವ ತಂತಿಯನ್ನು ಬಗ್ಗಿಸಿ ಒಳಗೆ ತೂರಿಸಿದಳು. ಸೊಸೆಯ ಉದ್ದ ಕೂದಲೆರಡು ಸುತ್ತಿಕೊಂಡು ಬಂದವು. ಅದರ ಹಿಂದೆ ಮಣ್ಣು, ಬರೀ ಮಣ್ಣು. ಅದನ್ನು ಹಳೆಯ ಪ್ಲಾಸ್ಟಿಕ್ ಚೀಲಕ್ಕೆ ತುಂಬುತ್ತಿರುವಾಗ ಬಚ್ಚಲ ಬಾಗಿಲು ತೆರೆಯಿತು.

"ರಿಪೇರಿಯವನು ಇವತ್ತು ಬರಲ್ವಂತೆ, ಫೋನ್ ಮಾಡಿದ್ದ. ಅದಕ್ಕೇ ಬೇಗ ಬಂದೆ," ಎನ್ನುತ್ತ ಸಿಹಾಮ್ ನಿಂತಿದ್ದಳು. ಕೈಯಲ್ಲಿ ಝುಹೂರ್ ಹಜ್ಜಾಳಿಂದ ತಂದ ರಬ್ಬರಿನ ಒತ್ತುಕೋಲು. ಮೂಗು ಅರಳಿಸಿದಳು. ಲವಂಗ, ಗುಲಾಬಿಯ ವಾಸನೆ. ಆಮೇಲೆ ಚೀಲ ನೋಡಿದಳು.

"ಇದು ಘಸೂಲ್."

ತಾಮು ಚೀಲವನ್ನು ಹಿಂದಕ್ಕೆ ಸರಿಸಿದಳು.

"ನಾನು ಒಂದು ತಿಂಗಳಿಂದ ಬೈಸ್ಕೊಳ್ತಿದೀನಿ. ನಿನ್ನೆ ಕತ್ತರಿ ಹಿಡ್ಕೊಂಡು ಕನ್ನಡಿ ಮುಂದೆ ನಿಂತಿದ್ದೆ ಅತ್ತೆ, ಗೊತ್ತಾ ನಿಮಗೆ?" ದನಿ ಏರಲಿಲ್ಲ, ಅದೇ ಹೆಚ್ಚು ಚುಚ್ಚಿತು. "ಬಾಲ್ಕನೀಲಿ ಆ ಚಾಪೆ ಯಾವ ನಾಟಕಕ್ಕೆ? ಬತೂಲ್ ಜೊತೆ ಜಗಳ ಆಡಿದ್ರಾ?"

"ಹೂಂ. ಜಗಳ."

"ಬತೂಲ್ ದಾರೀಲಿ ಸಿಕ್ಕಾಗೆಲ್ಲ ನಿಮ್ಮನ್ನೇ ಕೇಳ್ತಾಳೆ. ತಾಮು ಹೇಗಿದಾಳೆ, ತಾಮು ಹೇಗಿದಾಳೆ ಅಂತ. ವಾರವಾರ ನೋಡೋರ ಬಗ್ಗೆ ಯಾಕೆ ಕೇಳ್ತಾಳೆ ಅನ್ಕೊಂಡಿದ್ದೆ. ಜಗಳ ಆಡಿದವಳು ಹಾಗೆ ಕೇಳ್ತಾಳಾ?"

ಸಿಹಾಮ್ ಅಂಗಿಯ ತೋಳು ಮಡಚಿ ಕೂತುಬಿಟ್ಟಳು. ಒತ್ತುಕೋಲು ಹಾಕಿ ನೋಡಿದಳು; ಮಣ್ಣು ಇನ್ನಷ್ಟು ಬಿಗಿಯಿತು. "ಇದು ಒತ್ತಿದ್ರೆ ಹೋಗೋದಲ್ಲ, ತೆಗೀಬೇಕು," ಎಂದು ಅಡುಗೆಮನೆಯಿಂದ ಉದ್ದ ಹಿಡಿಯ ಚಮಚ ತಂದಳು. ಸೊಸೆ ಬಗೆದಳು, ಅತ್ತೆ ಚೀಲ ಹಿಡಿದಳು. ಕೊಳವೆಯ ತಿರುವಿನಲ್ಲಿದ್ದ ಮುದ್ದೆ ಸಡಿಲವಾದಾಗ ಸಿಹಾಮ್ ಎದ್ದು ನಿಂತು, ತುಂಬಿದ ಬಕೆಟ್ಟನ್ನು ಎತ್ತರದಿಂದ ಒಮ್ಮೆಗೇ ಸುರಿದಳು. ಬಚ್ಚಲು ದೊಡ್ಡದಾಗಿ ತೇಗಿತು. ನೀರು ಸುಳಿ ತಿರುಗಿ ಇಳಿದುಹೋಯಿತು.

ತಾಮು ಏಳಲು ಹೊರಟಳು.

"ಎಲ್ಲಿಗೆ? ಮೈಯೆಲ್ಲ ಮಣ್ಣಾಗಿದೆ. ಕೂತ್ಕೊಳ್ಳಿ, ಬೆನ್ನು ಉಜ್ತೀನಿ."

"ಬೇಡ. ನೀನು ದಣಿದಿದೀಯ."

"ಎಷ್ಟು ದಿನ ಆಯ್ತು ಯಾರಾದ್ರೂ ಉಜ್ಜಿ? ತಮ್ಮ ಬೆನ್ನು ತಾವೇ ಉಜ್ಕೊಳ್ಳೋಕೆ ನಿಮ್ಮ ಕೈ ಏನು ಮೀನುಗಾರನ ಗಾಳವಾ?"

ತಾಮುವಿಗೆ ನಗು ಬರಬೇಕಿತ್ತು, ಬರಲಿಲ್ಲ. ಬೆನ್ನು ನಿಜವಾಗಿಯೂ ತುರಿಸುತ್ತಿತ್ತು. ಅವಳು ಗೋಡೆಯ ಕಡೆ ತಿರುಗಿ ಅಂಗಿಯನ್ನು ಇಳಿಸಿದಳು. ಸಿಹಾಮ್ ಮೈ ಉಜ್ಜುವ ಒರಟು ಗವಸು ತೊಟ್ಟು ಕುತ್ತಿಗೆಯಿಂದ ಸೊಂಟದವರೆಗೆ ಉದ್ದುದ್ದಕ್ಕೆ ಉಜ್ಜಿದಳು. ಬಲ ತೋಳು ಎತ್ತಿಸಿದಳು, ಉಜ್ಜಿದಳು.

"ಈಗ ಎಡಗಡೆ."

ತಾಮು ತೋಳನ್ನು ಪಕ್ಕೆಗೆ ಒತ್ತಿ ಹಿಡಿದಳು. ಸೊಸೆಯ ಕೈ ಕಾಯುತ್ತಿತ್ತು. ಬತೂಲ್ ತಾನಾಗಿ ಕಂಡುಹಿಡಿದಿದ್ದಳು; ಇವಳಿಗೆ ಬೇಡವೆಂದರೆ ಅಲ್ಲಿಗೇ ಬಿಟ್ಟುಬಿಡುತ್ತಾಳೆ, ನಾಳೆ ಮತ್ತೆ ಬಾಲ್ಕನಿಯಲ್ಲಿ ಚಾಪೆ ಒಣಗುತ್ತದೆ. ಕಾಲಬಳಿ ಕೊನೆಯ ನೀರು ಗುಳುಗುಳು ಎನ್ನುತ್ತ ಇಳಿಯುತ್ತಿತ್ತು. ತಾಮು ಮೆಲ್ಲಗೆ ತೋಳು ಎತ್ತಿದಳು.

ಗವಸು ಕೆಳಗಿಳಿಯಿತು, ನಿಂತಿತು. ಸಿಹಾಮ್ ಗವಸು ಕಳಚಿ ಬರಿಗೈಯಿಂದ ಮುಟ್ಟಿದಳು.

"ಯಾವಾಗಿಂದ?"

"ಚಳಿ ಶುರುವಾದಾಗಿಂದ."

ಸಿಹಾಮ್ ಬೈಯಲಿಲ್ಲ, ಅಳಲಿಲ್ಲ. ಉಳಿದ ಪಕ್ಕೆಯನ್ನು ಉಜ್ಜಿ ಮುಗಿಸಿದಳು, ನೀರು ಹಾಕಿದಳು, ಒಣ ಟವೆಲ್ಲನ್ನು ಅತ್ತೆಯ ಹೆಗಲಿಗೆ ಸುತ್ತಿದಳು. "ನಾಳೆ ನಾನು ಕೆಲಸಕ್ಕೆ ಹೋಗಲ್ಲ. ನಿಮ್ಮ ನೀಲಿ ಜಲ್ಲಾಬ ಇಸ್ತ್ರಿ ಮಾಡಿಡ್ತೀನಿ. ಇಬ್ರೂ ಆಸ್ಪತ್ರೆಗೆ ಹೋಗೋಣ."

"ಇದ್ರೀಸ್‌ಗೆ?"

"ರಾತ್ರಿ ಹೇಳ್ತೀನಿ. ಮೊದಲು ನನ್ನ ಜಡೆಗೆ ಕ್ಷಮೆ ಕೇಳಲಿ, ಆಮೇಲೆ ಉಳಿದದ್ದು."

ತಾಮು ಟವೆಲ್ ಅಂಚು ಹಿಡಿದು ಕೂತೇ ಇದ್ದಳು. ಮಿಂದಾಗಿತ್ತು, ಮೈ ಒರೆಸಿಯಾಗಿತ್ತು, ಬರಬೇಕಾದ ಆರೋಗ್ಯದ ಮಾತು ಮಾತ್ರ ಬಂದಿರಲಿಲ್ಲ. ಸೊಸೆ ಹೇಳಲು ಬಾಯಿ ತೆರೆದು, ತುಟಿ ಕಚ್ಚಿಕೊಂಡು, ಜಾಲರಿಯನ್ನು ಅದರ ಜಾಗದಲ್ಲಿ ಕೂರಿಸಲು ಬಗ್ಗಿದ್ದನ್ನು ಅವಳು ನೋಡಿದಳು.

"ಹೇಳೇ," ಎಂದಳು ತಾಮು. "ಇವತ್ತು ನಿಜವಾಗ್ಲೂ ಬೇಕು."