ಹಾಡದೆ ದಾಟಿದ ಮನೆ

ಗಂಗಾವತಿಯಲ್ಲಿ ಕ್ರಿಸ್‌ಮಸ್ ಮುಗಿಯಿತೆಂದರೆ ಮುಗಿಯಿತು. ಇಪ್ಪತ್ತೈದರಂದು ಕಾಲಿಡಲು ಜಾಗವಿಲ್ಲದ ಗುಡಿಯಲ್ಲಿ ಜನವರಿಯ ಎರಡನೆಯ ಭಾನುವಾರ ಜನರಿಗಿಂತ ಚಾಪೆಗಳೇ ಹೆಚ್ಚು. ಹೊಸ ಸೀರೆಗಳು ಟ್ರಂಕು ಸೇರುತ್ತವೆ, ಕಾಗದದ ನಕ್ಷತ್ರಗಳು ಅಟ್ಟ ಸೇರುತ್ತವೆ, ಅವುಗಳ ಜೊತೆಗೆ ಭಕ್ತಿಯನ್ನೂ ಮಡಿಚಿ ಮುಂದಿನ ಡಿಸೆಂಬರಿಗೆ ತೆಗೆದಿಡುವವರಿಗೆ ಕಡಿಮೆಯಿಲ್ಲ. ಪಾಸ್ಟರು ಪ್ರತಿ ವರ್ಷ ಇದನ್ನೇ ಹೇಳಿ ಬಯ್ಯುತ್ತಾರೆ. ಬಯ್ಯಿಸಿಕೊಳ್ಳಬೇಕಾದವರು ಅಂದು ಬಂದಿರುವುದಿಲ್ಲ. ಬಂದ ಹನ್ನೊಂದು ಮಂದಿ ತಮ್ಮ ಪಾಲಿನದಲ್ಲದ ಬೈಗುಳ ತಿಂದು ಮನೆಗೆ ಹೋಗುತ್ತಾರೆ.

ಈ ವರ್ಷ ಮಾತ್ರ ಹಂಪಣ್ಣನಿಗೆ ಹಬ್ಬ ಮುಗಿದಿರಲಿಲ್ಲ. ಅವನ ಕಿವಿಯಲ್ಲಿ ದಮ್ಮಡಿಯ ಒಂದು ಸದ್ದು ಉಳಿದುಕೊಂಡಿತ್ತು. ಒಂದೇ ಸಲ, ಝಣ್ ಅಂತ. ಸಂಜೆ ದೀಪ ಹಚ್ಚುವ ಹೊತ್ತಿಗಂತೂ ಅದು ತಪ್ಪದೆ ಕೇಳುತ್ತಿತ್ತು.

ಹಂಪಣ್ಣನದು ಕಾಲುವೆ ದಂಡೆಯಲ್ಲಿ ಪಂಪ್‌ಸೆಟ್ ಮೋಟರುಗಳಿಗೆ ವೈಂಡಿಂಗ್ ಮಾಡುವ ಅಂಗಡಿ. ಅಜ್ಜನ ಕಾಲದಿಂದ ಕ್ರೈಸ್ತ ಸಭೆಯವರು, ಹೆಸರು ಮಾತ್ರ ಊರಿನದು. ಹನ್ನೊಂದು ವರ್ಷದಿಂದ ಕ್ಯಾರೆಲ್ ತಂಡಕ್ಕೆ ಅವನೇ ಮುಂದಾಳು. ಡಿಸೆಂಬರಿನಲ್ಲಿ ಮನೆಮನೆಗೆ ಹೋಗಿ ಕ್ರಿಸ್ತನ ಹುಟ್ಟಿನ ಹಾಡು ಹೇಳುವ ಹದಿನೆಂಟು ಮಂದಿಯ ತಂಡ ಅದು. ಯಾವ ಮನೆ ಮೊದಲು, ಯಾವ ಮನೆಗೆ ಎಷ್ಟು ಹಾಡು, ಎಲ್ಲಿ ಚಹಾ, ಎಲ್ಲಿ ಬರೀ ನೀರು, ಎಲ್ಲಾ ಅವನ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ದಮ್ಮಡಿಯೂ ಅವನ ಕೈಯಲ್ಲೇ. ಬಳೆಯಂಥ ಚೌಕಟ್ಟು, ಸುತ್ತಲೂ ಹಿತ್ತಾಳೆಯ ಪುಟ್ಟ ಬಿಲ್ಲೆಗಳು. ಅದನ್ನು ಹಿಡಿಯಲು ಅವನಿಗೆ ಕಲಿಸಿದವರು ಶೇಖರಮ್ಮ ಟೀಚರು.

ಟೀಚರಮ್ಮನ ಮನೆ ಕಾಲುವೆಯಾಚೆಯ ಓಣಿಯಲ್ಲಿತ್ತು. ಮದುವೆಯಾಗಲಿಲ್ಲ. ಅರ್ಧ ಸಭೆಗೆ ಅಕ್ಷರವನ್ನೂ ರಾಗವನ್ನೂ ಕಲಿಸಿ ನಿವೃತ್ತರಾದವರು. ಅವರ ಮನೆಗೆ ಕ್ಯಾರೆಲ್ಲಿಗೆ ಹೋದರೆ ಸುಲಭಕ್ಕೆ ಬಿಡುಗಡೆಯಿಲ್ಲ. ಹಳೆಯ ಕೀರ್ತನೆಯೊಂದಿದೆ, ಆರು ಚರಣದ್ದು. ಆರೂ ಹೇಳಬೇಕು, ನಿಂತೇ ಹೇಳಬೇಕು. ಆಮೇಲೆ ಅವರು ಕಣ್ಣು ಮುಚ್ಚಿ ಪ್ರಾರ್ಥನೆಗೆ ನಿಂತರೆ ತಂಡದ ಹದಿನೆಂಟು ಮಂದಿಯ ಹೆಸರನ್ನೂ ಒಂದೊಂದಾಗಿ ಹಿಡಿದು ದೇವರ ಮುಂದೆ ಇಡುತ್ತಿದ್ದರು. ಯಾರ ಮಗಳಿಗೆ ವರ ಸಿಕ್ಕಿಲ್ಲ, ಯಾರ ಮಂಡಿ ನೋಯುತ್ತದೆ, ಯಾರು ಯಾರೊಂದಿಗೆ ಮಾತು ಬಿಟ್ಟಿದ್ದಾರೆ, ಅವರಿಗೆ ಗೊತ್ತಿಲ್ಲದ್ದೇ ಇರಲಿಲ್ಲ. ಕಾಲು ಸೋತ ಹುಡುಗಿಯರು ಗೋಡೆಗೆ ಒರಗುತ್ತಿದ್ದರು. ಕೊನೆಗೆ ಬಿಸಿ ಚಹಾ ಮತ್ತು ಕರ್ಚಿಕಾಯಿ ಬರುತ್ತಿದ್ದವು.

ಕಳೆದ ಡಿಸೆಂಬರಿನ ಇಪ್ಪತ್ತಮೂರರ ಸಂಜೆ ಆ ಓಣಿಯ ಮೂಲೆಗೆ ಬರುವಷ್ಟರಲ್ಲಿ ಎಲ್ಲರ ಗಂಟಲೂ ಕಟ್ಟಿತ್ತು. ಇನ್ನೂ ನಾಲ್ಕು ಮನೆಗಳು ಬಾಕಿ. ಹಂಪಣ್ಣ ನಿಂತು ಮೆಲ್ಲಗೆ ಹೇಳಿದ: "ಟೀಚರಮ್ಮನ ಮನಿಗೆ ಹೋದ್ರ ಒಂದು ತಾಸು ಹಿಡೀತೈತಿ. ಇವತ್ತ ಬ್ಯಾಡ. ನಾಳೆ ನಾಲ್ಕು ಮಂದಿ ಬಂದು ಹಾಡಿ ಹೋಗೂನು."

ಯಾರೂ ಬೇಡ ಅನ್ನಲಿಲ್ಲ. ಆದರೆ ಉಳಿದ ಮನೆಗಳಿಗೆ ಆ ಮನೆಯ ಮುಂದಿನಿಂದಲೇ ಹಾದುಹೋಗಬೇಕು. ಹದಿನೆಂಟು ಮಂದಿ ದೇವರ ಹಾಡು ಹೇಳಲು ಹೊರಟವರು ಕಳ್ಳರಂತೆ, ಸದ್ದಾಗದ ಹಾಗೆ ಚಪ್ಪಲಿ ಎತ್ತೆತ್ತಿ ಇಟ್ಟು ನಡೆದರು. ಬಾಗಿಲು ತೆರೆದಿತ್ತು. ಕಟ್ಟೆಯ ಮೇಲೆ ಕೆಂಪು ನಕ್ಷತ್ರ ಉರಿಯುತ್ತಿತ್ತು, ಅದಕ್ಕೆ ವಾಯರು ಎಳೆದುಕೊಟ್ಟವನು ಹಂಪಣ್ಣನೇ. ಒಳಗಿನಿಂದ ಬೆಲ್ಲ, ಏಲಕ್ಕಿಯ ವಾಸನೆ ಬರುತ್ತಿತ್ತು. ಅವನು ದಮ್ಮಡಿಯ ಬಿಲ್ಲೆಗಳನ್ನು ಕರವಸ್ತ್ರದಲ್ಲಿ ಒತ್ತಿ ಹಿಡಿದಿದ್ದ. ಬಾಗಿಲಿಗೆ ಸರಿಯಾಗಿ ಬಂದಾಗ ಒಂದು ಬಿಲ್ಲೆ ಬೆರಳ ಸಂದಿಯಿಂದ ಜಾರಿತು. ಝಣ್ ಅಂತು. ಒಳಗೆ ಕುರ್ಚಿ ಸರಿದ ಸದ್ದಾಯಿತು. ಅವನು ತಿರುಗಿ ನೋಡಲಿಲ್ಲ.

ನಾಳೆ ಅಂದದ್ದು ಮರುದಿನ ಯಾರಿಗೂ ನೆನಪಾಗಲಿಲ್ಲ. ಗುಡಿಗೆ ಬಣ್ಣದ ಕಾಗದ ಕಟ್ಟುವುದಿತ್ತು, ಗೋದಲಿ ಕೂಡಿಸುವುದಿತ್ತು. ಇಪ್ಪತ್ತೈದರ ಗದ್ದಲದಲ್ಲಿ ಮುಂದಿನ ಸಾಲಿನ ಕಂಬದ ಪಕ್ಕದ ಟೀಚರಮ್ಮನ ಜಾಗದಲ್ಲಿ ಬೇರೆ ಯಾರೋ ಕೂತಿದ್ದನ್ನೂ ಯಾರೂ ಗಮನಿಸಲಿಲ್ಲ. ಇಪ್ಪತ್ತಾರರ ಬೆಳಿಗ್ಗೆ ಪಕ್ಕದ ಮನೆಯ ಖಾಜಾಬೀ ಹಾಲು ಕೊಡಲು ಹೋದಾಗ ಟೀಚರಮ್ಮ ಬಾಗಿಲ ಕಡೆ ಮುಖ ಮಾಡಿ ಕುರ್ಚಿಯಲ್ಲಿ ಕೂತೇ ಇದ್ದರು. ಮೈ ತಣ್ಣಗಾಗಿತ್ತು.

ಮಣ್ಣು ಮಾಡುವ ದಿನ ಹಾಡು ಎತ್ತಬೇಕಾದವನೂ ಹಂಪಣ್ಣನೇ. ಬಾಯಿ ತೆರೆದ, ಶ್ರುತಿ ಸಿಗಲಿಲ್ಲ. ಅಳು ಬಂದಿದೆ ಅಂದುಕೊಂಡರು ಜನ. ಮಣ್ಣು ಮುಗಿದ ಮೇಲೆ ಮನೆಯ ಮೇನ್ ಸ್ವಿಚ್ಚನ್ನು ಅವನೇ ಕೈಯಾರೆ ಇಳಿಸಿದ. ಕುಷ್ಟಗಿಯಿಂದ ಬಂದಿದ್ದ ಅವರ ತಂಗಿ ಬಾಗಿಲಿಗೆ ಬೀಗ ಹಾಕಿ ಕೀಲಿಕೈ ತೆಗೆದುಕೊಂಡು ಹೋದಳು.

ಅಲ್ಲಿಂದ ಶುರುವಾಯಿತು. ಅಂಗಡಿಯಲ್ಲಿ ರಿಪೇರಿಯಾದ ಮೋಟರನ್ನು ಓಡಿಸಿ ನೋಡಿ ನಿಲ್ಲಿಸಿದರೆ, ಆ ಗುಂಯ್ ಅನ್ನುವ ಸದ್ದು ಅಡಗುವ ತುದಿಯಲ್ಲಿ ಝಣ್. ಕೈ ತೊಳೆಯುವಾಗ ಝಣ್. ಊಟಕ್ಕೆ ಕೂತರೆ ಮೊದಲ ತುತ್ತಿಗೆ ಝಣ್. ದಮ್ಮಡಿಯನ್ನು ಹಳೆಯ ಪಂಚೆಯಲ್ಲಿ ಸುತ್ತಿ, ಕಪಾಟಿನಲ್ಲಿ ಚಾದರಗಳ ಕೆಳಗೆ ಇಟ್ಟ. ಮರುದಿನ ಸಂಜೆ ಕಪಾಟಿನ ಮುಂದೆ ಹೋಗಿ ಕಿವಿಗೊಟ್ಟು ನಿಂತ. ಹೆಂಡತಿ ಲಲಿತಾ ಬಂದು, "ಏನು ಹುಡಕಾಕ ಹತ್ತೀರಿ?" ಅಂದಳು. "ಏನಿಲ್ಲ," ಅಂದ.

ಸದ್ದನ್ನಾದರೂ ತಾಳಿಕೊಂಡಾನು, ಪ್ರಾರ್ಥನೆ ನಿಂತುಹೋದದ್ದು ಅವನಿಗೆ ತಾಳಲಾಗಲಿಲ್ಲ. ಚಿಕ್ಕಂದಿನಿಂದ ಒಂದು ದಿನ ತಪ್ಪಿಸಿದವನಲ್ಲ. ಈಗ ಮೊಣಕಾಲೂರಿ "ತಂದೆಯೇ" ಅನ್ನುತ್ತಿದ್ದ, ಮುಂದಿನ ಮಾತೇ ಹೊರಡುತ್ತಿರಲಿಲ್ಲ. ದೇವರು ತನ್ನ ಮನೆಯ ಮುಂದೆ ಬಂದು, ಸದ್ದು ಮಾಡದೆ, ಚಪ್ಪಲಿ ಎತ್ತಿಟ್ಟು, ದಾಟಿ ಹೋಗುತ್ತಿದ್ದಾನೆ ಅನ್ನಿಸುತ್ತಿತ್ತು. ಆ ಯೋಚನೆಗೆ ಅವನು ನಿಜವಾಗಿಯೂ ಹೆದರಿದ.

ಜನವರಿಯ ಮೊದಲ ವಾರ ಸಭೆಯಲ್ಲಿ ಪ್ರಾರ್ಥನಾ ವಾರ. ದಿನಕ್ಕೊಂದು ಮನೆಯಲ್ಲಿ ಕೂಟ. ಹಬ್ಬದ ಹುರುಪು ಆರದ ಹಾಗೆ ದೇವರ ಹತ್ತಿರ ಉಳಿಯುವುದು ಹೇಗೆ ಅಂತ ಒಬ್ಬೊಬ್ಬರೂ ಹೇಳಬೇಕು. ಒಬ್ಬಾಕೆ ದಿನಾ ನಸುಕಿನಲ್ಲಿ ಏಳುತ್ತೇನೆ ಅಂದಳು. ಇನ್ನೊಬ್ಬ ಮೊಬೈಲು ಕಡಿಮೆ ಮಾಡುತ್ತೇನೆ ಅಂದ, ಅನ್ನುವಾಗಲೇ ಅವನ ಜೇಬಿನಲ್ಲಿ ಮೊಬೈಲು ಹೊಡೆದುಕೊಂಡಿತು. ಎಲ್ಲರೂ ನಕ್ಕರು. ಹಂಪಣ್ಣನ ಸರದಿ ಬಂದಾಗ ಅವನಿಗೆ ಮತ್ತೆ ಆ ಸದ್ದು ಕೇಳಿತು, ಹತ್ತಿರದಲ್ಲೇ, ಬಾಗಿಲ ಹೊರಗೆ ಯಾರೋ ನಿಂತ ಹಾಗೆ. ಎದ್ದು ಹೊರಗೆ ಬಂದ. ಓಣಿ ಖಾಲಿಯಾಗಿತ್ತು.

ಕೂಟ ನಡೆದದ್ದು ಕಾಲುವೆಯಾಚೆ. ಮನೆಗೆ ಹೋಗಲು ಗಾಡಿ ತಿರುಗಿಸಿದವನು ಟೀಚರಮ್ಮನ ಓಣಿಯ ಮೂಲೆಯಲ್ಲಿ ಗಕ್ಕನೆ ಬ್ರೇಕು ಹಿಡಿದ. ಬೀಗ ಬಿದ್ದ ಮನೆಯ ಕಟ್ಟೆಯ ಮೇಲೆ ಕೆಂಪು ನಕ್ಷತ್ರ ಉರಿಯುತ್ತಿತ್ತು.

ಮೇನ್ ಸ್ವಿಚ್ ಇಳಿಸಿದ್ದು ತಾನೇ. ಕೀಲಿಕೈ ಕುಷ್ಟಗಿಯಲ್ಲಿದೆ. ಇಪ್ಪತ್ತು ವರ್ಷ ಕರೆಂಟಿನ ಕೆಲಸ ಮಾಡಿದವನೂ ತಾನೇ, ಆದರೂ ಆ ಬೆಳಕು ಎಲ್ಲಿಂದ ಬಂತು ಅಂತ ತಲೆಯೆತ್ತಿ ನೋಡುವ ಧೈರ್ಯ ಕೂಡ ಅವನಿಗಾಗಲಿಲ್ಲ. ಗಾಡಿ ತಿರುಗಿಸಿ ಬೇರೆ ದಾರಿ ಹಿಡಿದ. ಮರುದಿನ ಸಂಜೆ ದೂರದಿಂದ ನೋಡಿದ, ಉರಿಯುತ್ತಿತ್ತು. ಅದರ ಮರುದಿನವೂ ಉರಿಯುತ್ತಿತ್ತು. ಆಮೇಲೆ ಕಾಲುವೆ ದಾಟುವುದನ್ನೇ ಬಿಟ್ಟ. ಊರಿನ ಉಳಿದೆಲ್ಲ ನಕ್ಷತ್ರಗಳೂ ಇಳಿದಿದ್ದವು, ಪೇಟೆಯಲ್ಲಿ ಸಂಕ್ರಾಂತಿಯ ಎಳ್ಳು, ಕಬ್ಬು ಬಂದಿದ್ದವು.

ಸಂಕ್ರಾಂತಿಯ ಮುನ್ನಾದಿನ ಮಧ್ಯಾಹ್ನ ಗಂಡ ಅನ್ನ ಕಲಸಿಟ್ಟುಕೊಂಡು ಸುಮ್ಮನೆ ಕೂತದ್ದನ್ನು ನೋಡಿ ಲಲಿತಾ ತಾಟು ಪಕ್ಕಕ್ಕೆ ಸರಿಸಿದಳು. "ಏನಾಗೇತಿ, ಬಾಯಿ ಬಿಟ್ಟು ಹೇಳ್ರಿ," ಅಂದಳು. ಅವನು ಹೇಳಿದ. ಬಿಲ್ಲೆ ಜಾರಿದ್ದು, ಕುರ್ಚಿ ಸರಿದದ್ದು, ನಕ್ಷತ್ರ ಉರಿಯುವುದು, ಪ್ರಾರ್ಥನೆ ಬಾರದ್ದು.

ಲಲಿತಾ ತನ್ನ ಕೈಬಳೆಗಳನ್ನು ನೋಡಿಕೊಂಡಳು. "ನಾನೂ ಅವತ್ತ ಬಳಿ ಹಿಡಕೊಂಡು ನಡದಿದ್ದೆ," ಅಂದಳು. "ಸದ್ದಾದೀತು ಅಂತ. ನಿಮಗ ಹೇಳಿರಲಿಲ್ಲ." ತಾಟು ಎತ್ತುತ್ತ ಅಂದಳು: "ಹೋಗಿ ಹಾಡಿ ಬರ್ರಿ. ಬಾಕಿ ಉಳದದ್ದು ಅದೊಂದ ಮನಿ."

"ಸತ್ತವರ ಮನಿ ಮುಂದ ಕ್ಯಾರೆಲ್ ಏನಂತ ಹಾಡೂದು?"

"ಇದ್ದಾಗ ಹಾಡಲಿಲ್ಲಲ್ಲ," ಅಂದಳು ಲಲಿತಾ.

ಸಂಜೆ ಅವನು ದಮ್ಮಡಿ ತೆಗೆದುಕೊಂಡು ನಡೆದೇ ಹೋದ. ಅದಕ್ಕೆ ಸುತ್ತಿದ ಪಂಚೆ ಬಿಚ್ಚಿರಲಿಲ್ಲ. ಅಕ್ಕಿ ಮಿಲ್ಲುಗಳ ಹೊಗೆ ಕಾಲುವೆಯ ಮೇಲೆ ಇಳಿದಿತ್ತು. ಓಣಿಯ ಮೂಲೆಯಲ್ಲಿ ಮೊದಲು ಕಂಡದ್ದು ಆ ಕೆಂಪು. ಆದರೂ ಮುಂದೆ ನಡೆದ. ಕಟ್ಟೆಯ ಮುಂದೆ ನಿಂತು, ಗಂಟು ಬಿಚ್ಚಿ, ಹಾಡು ಎತ್ತಿದ. ಮೊದಲ ಚರಣಕ್ಕೆ ದನಿ ಒಡೆಯಿತು. ಎರಡನೆಯದಕ್ಕೆ ಶ್ರುತಿ ಸಿಕ್ಕಿತು. ಮೂರನೆಯದಕ್ಕೆ ಪಕ್ಕದ ಮನೆಯ ಬಾಗಿಲು ತೆರೆಯಿತು. ಅವನು ನಿಲ್ಲಿಸಲಿಲ್ಲ. ಆರೂ ಮುಗಿಸಿ ಕಣ್ಣು ತೆರೆದಾಗ ಖಾಜಾಬೀ ತಲೆಯ ಮೇಲೆ ಸೆರಗು ಹೊದ್ದು ಗೋಡೆಯ ಪಕ್ಕದಲ್ಲಿ ನಿಂತಿದ್ದಳು.

"ಬಂದ್ಯಾ ತಮ್ಮಾ," ಅಂದಳು. "ಭಾಳ ತಡಾ ಮಾಡಿದಿ."

"ಅಮ್ಮಾ, ಈ ದೀಪ..."

"ನಾನ ಹಚ್ಚತೀನಿ. ನಮ್ಮ ಹುಡುಗ ರಫೀಕ ಗೋಡಿ ಮ್ಯಾಲಿಂದ ವಾಯರ್ ಎಳದು ಕೊಟ್ಟಾನ. ಛಲೋ ಜೋಡಿಸ್ಯಾನೋ ಇಲ್ಲೋ ನೀನ ನೋಡು, ಕಸುಬಿನವ."

ಹಂಪಣ್ಣ ಈಗ ತಲೆಯೆತ್ತಿ ನೋಡಿದ. ಗೋಡೆಗುಂಟ ಕಪ್ಪು ವಾಯರು, ಜೋಡಣೆಗೆ ಪ್ಲಾಸ್ಟಿಕ್ ಟೇಪು. ಮೊದಲ ದಿನವೇ ತಲೆಯೆತ್ತಿದ್ದರೆ ಕಾಣುತ್ತಿತ್ತು.

"ಹಬ್ಬದ ದಿನ ಟೀಚರಮ್ಮಗ ಹುಷಾರಿರಲಿಲ್ಲ, ಆಗ ಹೇಳಿದ್ಲು," ಅಂದಳು ಖಾಜಾಬೀ. "ಹಾಡವರು ಬರೂತನಕ ನಕ್ಷತ್ರ ಆರಿಸಬ್ಯಾಡ ಖಾಜಾಬೀ, ಕತ್ತಲಿದ್ರ ಹಂಗ ಹೋಗಿಬಿಡ್ತಾರ ಅಂತ. ಅಕೀನ ಹ್ವಾದ್ಲು. ಮಾತು ಉಳೀತು. ನಾ ಹೆಂಗ ಆರಿಸಲಿ?"

ಹಂಪಣ್ಣ ವಾಯರಿನಿಂದ ಕಣ್ಣು ಇಳಿಸಿದ. "ಅವತ್ತ ನಾವು ಹಾದು ಹ್ವಾದಾಗ..."

"ನಾನೂ ಅಲ್ಲೇ ಇದ್ದೆ, ಚಾ ಕುಡಕೋತ. ಝಣ್ ಅಂದ ಕೂಡಲೇ ಎದ್ದು ನಿಂತ್ಲು. 'ಹಂಪಣ್ಣನ ದಮ್ಮಡಿ ಅದು' ಅಂದ್ಲು. ಆಮ್ಯಾಲ ನಿಮ್ಮ ಹೆಜ್ಜಿ ಸದ್ದು ಮುಂದ ಹ್ವಾತು. ನನಗ ಸಿಟ್ಟು ಬಂತು, ಕೂಗಿ ಕರೀಲೇನು ಅಂದೆ. 'ಬ್ಯಾಡ, ದಣದಾರ, ನಾಳೆ ಬರ್ತಾರ' ಅಂದ್ಲು. ಅಂದು, ಅಲ್ಲೇ ಬಾಗಿಲದಾಗ ನಿಂತು ಕಣ್ಣು ಮುಚ್ಚಿದ್ಲು. ನಿಮ್ಮ ಹಾಡು ನನಗ ತಿಳಿಯಂಗಿಲ್ಲ ತಮ್ಮಾ, ಹೆಸರು ತಿಳೀತಾವ. ಹದಿನೆಂಟೂ ಹೆಸರು ಹೇಳಿದ್ಲು. ಒಂದೂ ಬಿಡಲಿಲ್ಲ."

ಹಂಪಣ್ಣ ಕಟ್ಟೆಯ ಅಂಚಿಗೆ ಕುಸಿದು ಕೂತ. ಇಷ್ಟು ದಿನ ಅವನು ಶಾಪಕ್ಕೆ ಅಂಜಿದ್ದ. ಶಾಪವಾಗಿದ್ದರೆ ಹೇಗಾದರೂ ಹೊತ್ತುಕೊಳ್ಳುತ್ತಿದ್ದನೇನೋ. ಚಪ್ಪಲಿ ಎತ್ತಿಟ್ಟು ನುಸುಳುತ್ತಿದ್ದವನ ಬೆನ್ನ ಹಿಂದೆಯೇ, ಅದೇ ಗಳಿಗೆಯಲ್ಲಿ, ಅವನ ಹೆಸರು ದೇವರ ಮುಂದೆ ಹೋಗಿತ್ತು. ಅದು ಅವನನ್ನು ಮುರಿದುಹಾಕಿತು. ಮಣ್ಣಿನ ದಿನ ಬಾರದ ಅಳು ಈಗ ಬಂತು.

ಖಾಜಾಬೀ ಅಳುವಷ್ಟು ಅಳಲು ಬಿಟ್ಟು ನಿಂತಿದ್ದಳು. ಆಮೇಲೆ ಅಂದಳು: "ಹಾಡು ಮುಗೀತು. ಹೆಸರು ಹೇಳೂದು ಉಳೀತಲ್ಲ. ಆಕಿ ಇಲ್ಲ, ನೀನ ಹೇಳಬೇಕು."

ಅವನು ಎದ್ದು ನಿಂತ. ಕಣ್ಣು ಮುಚ್ಚಿದ. "ತಂದೆಯೇ," ಅಂದ, ಎಂದಿನಂತೆ ಅಲ್ಲಿಗೇ ಕಟ್ಟಿಕೊಂಡಿತು. ಆಗ ಟೀಚರಮ್ಮ ಮಾಡುತ್ತಿದ್ದ ಹಾಗೆಯೇ ತಂಡದವರ ಒಂದೊಂದೇ ಹೆಸರು ಹಿಡಿದ. ಲಲಿತಾ ಅಂದ. ಅವಳ ಬೆನ್ನುನೋವು ಅಂದ, ಅವಳು ಹಿಡಿದುಕೊಂಡಿದ್ದ ಬಳೆ ಅಂದ. ರುದ್ರೇಶ ಅಂದ, ಅವನ ಕುಡಿತ. ಯಮನೂರಮ್ಮ ಅಂದ, ಅವಳ ಮಗಳ ಬಾಣಂತನ. ಒಂದರ ಹಿಂದೆ ಒಂದು ಬಂದವು, ಅವನಿಗೇ ಗೊತ್ತಿಲ್ಲದ ಹಾಗೆ ಅವರವರ ಕಷ್ಟಗಳೂ ಬಂದವು. ಹನ್ನೊಂದು ವರ್ಷ ಜೊತೆಯಲ್ಲಿ ಹಾಡಿದವರ ಬಗ್ಗೆ ತನಗೆ ಇಷ್ಟು ಗೊತ್ತಿತ್ತೆಂದು ಅವನಿಗೆ ಅಂದೇ ತಿಳಿದದ್ದು. ಕೊನೆಗೆ ಖಾಜಾಬೀ, ರಫೀಕ ಅಂತಲೂ ಅಂದ. ಆಮೆನ್ ಅನ್ನಲು ಬಾಯಿ ತೆರೆದ.

"ಒಂದು ಬಿಟ್ಟಿ," ಅಂದಳು ಖಾಜಾಬೀ.

ಅವನು ಕಣ್ಣು ತೆರೆಯಲಿಲ್ಲ. ಆ ಹೆಸರು ಯಾವುದೆಂದು ಅವನಿಗೆ ಗೊತ್ತಿತ್ತು, ಅದಕ್ಕೆ ಮಾತ್ರ ನಾಲಿಗೆ ಏಳಲಿಲ್ಲ. ಖಾಜಾಬೀ ಸೆರಗನ್ನು ಇನ್ನಷ್ಟು ಮುಂದೆಳೆದುಕೊಂಡು, ಕೈ ಮೇಲೆ ಮಾಡಿ, ತನಗೆ ಬಂದ ಹಾಗೆ ತಾನೇ ಹೇಳಿದಳು: "ಹಂಪಣ್ಣ. ದಣದಾನ."

ಆಮೇಲೆ ಅವಳು ತನ್ನ ಮನೆಯೊಳಗೆ ಹೋಗಿ ಪ್ಲಗ್ಗು ಕಿತ್ತಳು. ಕಟ್ಟೆ ಕತ್ತಲಾಯಿತು. ಹಂಪಣ್ಣ ಪಂಚೆಯನ್ನು ಮಡಿಚಿ ಹೆಗಲಿಗೆ ಹಾಕಿಕೊಂಡು ಮನೆಯ ಕಡೆ ಹೊರಟ. ದಮ್ಮಡಿ ಬಟ್ಟೆ ಸುತ್ತದೆ ಕೈಯಲ್ಲೇ ಇತ್ತು. ಹೆಜ್ಜೆ ಹೆಜ್ಜೆಗೂ ಝಣ್ ಝಣ್ ಅನ್ನುತ್ತಿತ್ತು, ಅವನು ಅದನ್ನು ಒತ್ತಿ ಹಿಡಿಯಲಿಲ್ಲ.