ಹಾಲೇಶನ ಪಿಸ್ತೂಲು, ಮಾವನ ರಿವಾಲ್ವರ್

ಹಾಲೇಶನ ಪಿಸ್ತೂಲು ಚುನಾವಣೆಗೆಂದು ಠಾಣೆಗೆ ಹೋದದ್ದು ಮತ್ತೆ ಮನೆಗೆ ಬರಲಿಲ್ಲ.

ನಮ್ಮ ಕಡೆ ಚುನಾವಣೆ ಬಂತೆಂದರೆ ಪರವಾನಗಿ ಇರುವವರೆಲ್ಲ ಕೋವಿ, ಪಿಸ್ತೂಲುಗಳನ್ನು ಠಾಣೆಯಲ್ಲಿಟ್ಟು ರಸೀದಿ ತರುತ್ತಾರೆ. ಎಣಿಕೆ ಮುಗಿದ ಮೇಲೆ ರಸೀದಿ ಕೊಟ್ಟು ಬಿಡಿಸಿಕೊಳ್ಳುತ್ತಾರೆ. ಕಳೆದ ಸಲ ನಮ್ಮೂರು ಬಾಳೂರಿನವರೆಲ್ಲ ಬಿಡಿಸಿಕೊಂಡರು. ನನ್ನ ಗಂಡ ಹಾಲೇಶ ಮತದಾನಕ್ಕೆ ಆರು ದಿನ ಮೊದಲು ತೋಟದಲ್ಲಿ ಸ್ಪ್ರಿಂಕ್ಲರ್ ಪೈಪು ಬದಲಿಸುತ್ತಿದ್ದವನು ಅಲ್ಲೇ ಕುಸಿದು ತೀರಿಕೊಂಡಿದ್ದ. ಮೂವತ್ತಾರು ವರ್ಷ. ರಸೀದಿ ಅವನ ಪರ್ಸಿನಲ್ಲಿತ್ತು.

ಠಾಣೆಯಿಂದ ಪಿಸ್ತೂಲು ಚಿಕ್ಕಮಗಳೂರಿನ ಬಂದೂಕು ವ್ಯಾಪಾರಿ ಗುರುವಯ್ಯನವರ ಕಪಾಟಿಗೆ ಹೋಯಿತು. ಮಾವ ಮಲ್ಲಿಕಾರ್ಜುನಪ್ಪನವರ ಹಳೆಯ ರಿವಾಲ್ವರ್ ಕೂಡ ಅಲ್ಲಿಗೇ ಸೇರಿತ್ತು. ಅವರಿಗೆ ಎಪ್ಪತ್ನಾಲ್ಕು. ಕೈ ನಡುಗುತ್ತದೆ, ಇನ್ನು ಪರವಾನಗಿ ಬೇಡ ಎಂದಿದ್ದರು. ಎರಡರಲ್ಲಿ ಒಂದನ್ನು ನನ್ನ ಹೆಸರಿಗೆ ಬರೆಸುವುದು, ಇನ್ನೊಂದನ್ನು ಗುರುವಯ್ಯನವರಿಗೆ ಮಾರುವುದು ಎಂದಾಗಿತ್ತು. ಒಂದೇ ಸಾಕು ಎಂದವಳು ನಾನೇ. ಕೊಯ್ಲಾದ ಮೇಲೆ ನಮ್ಮ ಗೋಡೌನಿನಲ್ಲಿ ಕಾಳುಮೆಣಸು ತುಂಬಿರುತ್ತದೆ. ಮನೆಯಲ್ಲಿ ಒಂದು ಇದೆ ಎಂದು ಊರಿಗೆ ಗೊತ್ತಿದ್ದರೆ ಆಯಿತು.

ಯಾವುದು ಎಂಬುದನ್ನು ಅತ್ತೆ ಬಸಮ್ಮನವರು, ನಾನೂ ಮಾವನೂ ಚಿಕ್ಕಮಗಳೂರಿನ ಶೂಟಿಂಗ್ ರೇಂಜಿಗೆ ಹೊರಡುವಾಗಲೇ ಹೇಳಿದ್ದರು.

"ಹಾಲೇಶಂದೇ ಇಟ್ಕಾ ಭುವನಾ. ಅವ್ನ ಕೈಲಿದ್ದಿದ್ದು."

ನಾನು ಹೂಂ ಎಂದಿದ್ದೆ.

ದಾರಿಯುದ್ದಕ್ಕೂ ಮಾವ ತಮ್ಮ ರಿವಾಲ್ವರನ್ನು ಬೈದರು. ಅದು ಅವರ ತಂದೆಯ ಕಾಲದ್ದು, ತೂಕ ಜಾಸ್ತಿ, ಗುಂಡು ಹಾರಿಸುವ ಕುದುರೆ ಎಳೆಯುವಷ್ಟರಲ್ಲಿ ಕಳ್ಳ ಮೂಡಿಗೆರೆ ದಾಟಿರುತ್ತಾನೆ. "ಅದ್ನ ಗುಜರಿಗೆ ಹಾಕಿದ್ರೂ ತಗಳಲ್ಲ" ಎಂದರು. ಅಷ್ಟೊಂದು ಯಾಕೆ ಬೈಯುತ್ತಿದ್ದಾರೆ ಎಂದು ನಾನು ಯೋಚಿಸಲಿಲ್ಲ. ಆ ದಿನಗಳಲ್ಲಿ ನಾನು ಯಾವುದನ್ನೂ ಯೋಚಿಸುತ್ತಿರಲಿಲ್ಲ.

ಶೂಟಿಂಗ್ ರೇಂಜ್ ಊರಾಚೆ, ಸಿಲ್ವರ್ ಓಕ್ ಮರಗಳ ಹಿಂದೆ. ಕೊನೆಯಲ್ಲಿ ಎತ್ತರದ ಮಣ್ಣಿನ ದಿಬ್ಬ, ಅದರ ಮುಂದೆ ಕಾಗದದ ಗುರಿಗಳು. ನಡೆಸುವವರು ತಂಗಮ್ಮ. ಪೊಲೀಸ್ ತರಬೇತಿ ಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಗುಂಡು ಹೊಡೆಯುವುದನ್ನು ಕಲಿಸಿ ನಿವೃತ್ತರಾದವರು. ಪರವಾನಗಿಗೆ ಬೇಕಾದ ತರಬೇತಿಯನ್ನು ನಾನು ಅವರ ಬಳಿಯೇ ಮುಗಿಸಿದ್ದೆ, ಅಲ್ಲಿನ ಬೇರೆ ಬಂದೂಕುಗಳಲ್ಲಿ. ಈ ದಿನ ಗುರುವಯ್ಯನವರು ಅನುಮತಿ ಪತ್ರದೊಂದಿಗೆ ನಮ್ಮ ಎರಡನ್ನೂ ಪೆಟ್ಟಿಗೆಯಲ್ಲಿ ತಂದಿದ್ದರು.

"ಎರಡ್ರಲ್ಲೂ ಹೊಡ್ದು ನೋಡಿ, ಆಮೇಲೆ ಫಾರಂ ತುಂಬಿ" ಎಂದರು ತಂಗಮ್ಮ.

"ನೋಡೋದೇನಿಲ್ಲ. ಹಾಲೇಶಂದೇ" ಎಂದರು ಮಾವ.

"ಹೊಡೆಯೋರು ನೀವಾ, ಇವ್ರಾ?"

ಮಾವ ಹಿಂದಿನ ಬೆಂಚಿಗೆ ಹೋಗಿ ಕೂತರು.

ಮೊದಲು ಹಾಲೇಶನ ಪಿಸ್ತೂಲು. ಕಪ್ಪಗೆ, ಚಪ್ಪಟೆಯಾಗಿ, ಹೊಸದರಂತೆಯೇ ಇತ್ತು. ಮೇಲಿನ ಸ್ಲೈಡನ್ನು ಹಿಂದಕ್ಕೆಳೆದು ಬಿಟ್ಟರೆ ಗುಂಡು ಒಳಕ್ಕೆ ಏರುತ್ತದೆ. ಅದರ ಸ್ಪ್ರಿಂಗು ನನಗೆ ಬಗ್ಗಲಿಲ್ಲ. ಎರಡು ಸಲ ಕೈ ಜಾರಿತು. ಮೂರನೇ ಸಲ ಎಳೆದೆ. ಐದು ಗುಂಡು ಹೊಡೆದೆ. ಮೂರನೆಯದಾದ ಮೇಲೆ ಗುಂಡಿನ ಖಾಲಿ ಕೋಶ ಹೊರಗೆ ಹಾರದೆ ಸಿಕ್ಕಿಕೊಂಡಿತು. ತಂಗಮ್ಮ ಬಿಡಿಸಿಕೊಟ್ಟರು. ಕಾಗದದ ಮೇಲೆ ಬಿದ್ದದ್ದು ಎರಡು, ಅದೂ ಅಂಚಿನಲ್ಲಿ.

"ಪಿಸ್ತೂಲಿಂದಲ್ಲ ತಪ್ಪು, ಅಭ್ಯಾಸ ಇಲ್ಲ ಅಷ್ಟೇ" ಎಂದು ಮಾವ ಬೆಂಚಿನಿಂದಲೇ ಹೇಳಿದರು.

ಆಮೇಲೆ ರಿವಾಲ್ವರ್. ಅದಕ್ಕೆ ತಂಗಮ್ಮ ತಾವೇ ಗುಂಡು ತುಂಬಿದರು, ನನ್ನತ್ತ ಬೆನ್ನು ಮಾಡಿಕೊಂಡು. ಕೈಗೆ ಬಂದಾಗ ಭಾರವಿತ್ತು, ಆದರೆ ಹಿಡಿ ಸಣ್ಣದು. ನನ್ನ ಬೆರಳು ಕುದುರೆಯನ್ನು ಸುತ್ತಿಕೊಂಡಿತು. ಮೊದಲ ಗುಂಡು ಹಾರಿತು. ಎರಡನೆಯ ಸಲ ಕುದುರೆ ಎಳೆದೆ. ಟಕ್ ಎಂದಿತು, ಅಷ್ಟೇ. ಗುಂಡಿರಲಿಲ್ಲ.

ಆದರೆ ನನ್ನ ಕೈ ಹಾರಿತ್ತು. ಸದ್ದಿಲ್ಲ, ಹೊಗೆಯಿಲ್ಲ. ರಿವಾಲ್ವರಿನ ಮೂತಿ ಮಾತ್ರ ಎರಡು ಇಂಚು ಕೆಳಗೆ ಬಿದ್ದು ನಿಂತಿತ್ತು.

"ಕಂಡ್ತಾ?" ಎಂದರು ತಂಗಮ್ಮ. "ಬೇಕಂತಲೇ ಮಧ್ಯ ಮಧ್ಯ ಖಾಲಿ ಬಿಟ್ಟಿದೀನಿ. ಸದ್ದಿಗೆ ಮೊದ್ಲೇ ನಿಮ್ ಕೈ ಹೆದರ್ತದೆ. ಗುಂಡು ಹಾರಿದ್ರೆ ಇದು ಗೊತ್ತಾಗಲ್ಲ, ಎಲ್ಲಾ ಅದ್ರಲ್ಲೇ ಮುಚ್ಚಿಹೋಗ್ತದೆ."

ನಾನು ನನ್ನ ಮಣಿಕಟ್ಟನ್ನೇ ನೋಡುತ್ತಿದ್ದೆ.

ಹಾಲೇಶನನ್ನು ಮಣ್ಣು ಮಾಡಿದ ದಿನ ನಾನು ಅಳಲಿಲ್ಲ. ಆಮೇಲೂ ಇಲ್ಲ. ಎದುರಿಗೆ ಬಂದವರು ಗಟ್ಟಿಗಿತ್ತಿ ಎಂದರು, ಅತ್ತ ತಿರುಗಿ ಕಲ್ಲು ಎಂದರು. ನನಗೂ ಹಾಗೇ ಅನ್ನಿಸಿತ್ತು. ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸಿ, ಗುಳ್ಳೆ ಎದ್ದ ಮೇಲೆ ನೋಡಿಕೊಂಡಿದ್ದೆ. ಹನ್ನೊಂದು ತಿಂಗಳು. ಈಗ ನನ್ನದೇ ಕೈ ಇಲ್ಲದ ಗುಂಡಿಗೆ ಹೆದರಿತ್ತು. ಹೆದರುವವಳೊಬ್ಬಳು ಒಳಗೆ ಉಳಿದಿದ್ದಳು.

"ಏನಾಯ್ತು? ನೀರು ಬೇಕಾ?" ತಂಗಮ್ಮ ಕೇಳಿದರು.

"ಬೇಡ. ಥ್ಯಾಂಕ್ಸ್" ಎಂದೆ. ಯಾವುದಕ್ಕೆ ಎಂದು ಅವರು ಕೇಳಲಿಲ್ಲ.

ಅವರು ಹಾಗೆಯೇ ಬೆನ್ನು ಮಾಡಿ ಮತ್ತೆ ಮತ್ತೆ ತುಂಬಿಕೊಟ್ಟರು. ಯಾವುದು ಖಾಲಿ ಎಂದು ನನಗೆ ತಿಳಿಯುತ್ತಿರಲಿಲ್ಲ. ಏಳೆಂಟು ಸಲ ಟಕ್ ಎಂದ ಮೇಲೆ ಮೂತಿ ಬೀಳುವುದು ನಿಂತಿತು. ಆಗ ಐದು ಗುಂಡು ಒಂದರ ಹಿಂದೊಂದು ಹೊಡೆದೆ. ಐದೂ ಕಾಗದದ ಮೇಲೆ, ನನ್ನ ಅಂಗೈಯಷ್ಟು ಜಾಗದಲ್ಲಿ.

"ಈಗ ಗಂಡಂದ್ರಲ್ಲಿ ಇನ್ನೊಂದ್ ಸಲ ಹೊಡೀರಿ. ಇಲ್ಲಾಂದ್ರೆ ನ್ಯಾಯ ಅಲ್ಲ."

ಹೊಡೆದೆ. ಮತ್ತೆ ಐದು ಗುಂಡು. ಈ ಸಲ ಕೈ ಹೆದರಲಿಲ್ಲ. ಆದರೂ ಬೆರಳು ಕುದುರೆಗೆ ಅರ್ಧವಷ್ಟೇ ಎಟುಕುತ್ತಿತ್ತು. ಸ್ಲೈಡು ಹಿಂದಕ್ಕೆ ಬರುವಾಗ ಹೆಬ್ಬೆರಳಿನ ಬುಡವನ್ನು ಕಚ್ಚಿ ರಕ್ತ ತೆಗೆಯಿತು. ನಾಲ್ಕು ಗುಂಡು ಕಾಗದದ ಮೇಲೆ ಬಿದ್ದವು, ನಾಲ್ಕು ದಿಕ್ಕಿಗೆ. ಎರಡೂ ಗುರಿಗಳನ್ನು ಬೆಂಚಿನ ಮೇಲೆ ಪಕ್ಕಪಕ್ಕ ಹಾಸಿದೆ. ನಾನು ಓದಿದ್ದು ಸಸ್ಯಶಾಸ್ತ್ರ, ಅಳೆಯುವುದು ಬಿಟ್ಟುಹೋಗಿಲ್ಲ. ತೂತುಗಳ ಹರವನ್ನು ಸ್ಕೇಲಿಟ್ಟು ಅಳೆದೆ. ರಿವಾಲ್ವರಿನದು ಒಂಬತ್ತು ಸೆಂಟಿಮೀಟರ್. ಪಿಸ್ತೂಲಿನದು ಮೂವತ್ತೊಂದು.

ಮಾವ ಎರಡನ್ನೂ ನೋಡಿದರು. ಗುರುವಯ್ಯನವರು ಕೆಮ್ಮಿದರು.

ಹೇಳಬೇಕಾದವಳು ನಾನೇ. ಅತ್ತೆಯ ಮುಖ ಕಣ್ಣ ಮುಂದೆ ಬಂತು. ಮಗನ ವಸ್ತು ಎಂದು ಅವರು ಕಪಾಟಿನಲ್ಲಿ ಅದಕ್ಕೆ ಜಾಗವನ್ನೂ ಮಾಡಿಟ್ಟಿದ್ದರು.

"ಮಾವ, ಅವರದ್ದು ನನ್ನ ಕೈಗೆ ಬರಲ್ಲ."

ಹಾಲೇಶ ಹೋದ ಮೇಲೆ ಅವನ ಯಾವುದರ ಬಗ್ಗೆಯೂ ಮನೆಯಲ್ಲಿ ಯಾರೂ ಹೀಗೆ ಹೇಳಿರಲಿಲ್ಲ. ಮಾವ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು.

"ಅವ್ನ ಕೈಗೂ ಬರ್ತಿರ್ಲಿಲ್ಲ" ಎಂದರು.

ನಾನು ಅವರತ್ತ ತಿರುಗಿದೆ.

"ತಂದ ವರ್ಷ ಹಲಸಿನ ಕಾಯಿಗೆ ಹೊಡೀತೀನಿ ಅಂತ ನಿಂತ. ಹತ್ತು ಮಾರು ದೂರ ಇಲ್ಲ. ಹೊಡ್ದ. ಹಿಂದಿದ್ದ ನೀರಿನ ಟ್ಯಾಂಕ್ ತೂತು. ಅಪ್ಪಾ, ಯಾರಿಗೂ ಹೇಳ್ಬೇಡಿ ಅಂತ ಕಾಲು ಹಿಡ್ಕಂಡ. ಮಂಗ ಹಾರಿ ಒಡೀತು ಅಂತ ನಿಮ್ಮತ್ತೆಗೆ ಹೇಳಿದ್ವಿ. ಅವ್ಳು ಆ ಮಂಗಕ್ಕೆ ಒಂದ್ ವಾರ ಬೈದ್ಲು ಮಾರಾಯ್ತಿ."

ಗುರುವಯ್ಯನವರು ಮುಖ ತಿರುಗಿಸಿ ನಕ್ಕರು. "ನನ್ ಹತ್ರ ಬಂದು, ಗುರುವಯ್ಯೋರೆ, ಪಿಸ್ತೂಲು ಎಡಕ್ಕೆ ಹೊಡೀತದೆ ಅಂದಿದ್ರು. ಈಗ ಗೊತ್ತಾಯ್ತು."

ನಾನೂ ನಕ್ಕೆ. ಹಾಲೇಶನನ್ನು ಆರು ವರ್ಷ ಬಲ್ಲೆ. ಈ ಹಾಲೇಶ, ಟ್ಯಾಂಕಿನ ಮುಂದೆ ಅಪ್ಪನ ಕಾಲು ಹಿಡಿದವನು, ನನಗೆ ಗೊತ್ತೇ ಇರಲಿಲ್ಲ. ಇಷ್ಟು ತಿಂಗಳ ಮೇಲೆ ಅವನದು ಏನೋ ಹೊಸದಾಗಿ ನನಗೆ ಸಿಕ್ಕಿತು. ದಾರಿಯುದ್ದಕ್ಕೂ ಮಾವ ತಮ್ಮ ರಿವಾಲ್ವರನ್ನು ಬೈದದ್ದು ಯಾಕೆಂದೂ ಆಗಲೇ ತಿಳಿಯಿತು. ಮಗನದನ್ನು ಇಟ್ಟುಕೊಂಡರೆ ಮಾವನದು ಹೋಯಿತಲ್ಲ ಎಂದು ನಾನು ನೋಯಬಾರದು, ಅದಕ್ಕೆ.

ಮಾವ ಮೊಬೈಲ್ ತೆಗೆದರು. "ನಿಮ್ಮತ್ತೆಗೆ ನಾನ್ ಹೇಳ್ತೀನಿ. ನನ್ ರಿವಾಲ್ವರ್ ಬಿಡಕ್ಕೆ ಮನಸ್ಸಾಗ್ಲಿಲ್ಲ, ನಾನೇ ಹಟ ಮಾಡ್ದೆ ಅಂತೀನಿ. ನಿನ್ ತಲೆ ಮೇಲೆ ಬರೋದು ಬೇಡ."

"ಬೇಡ ಮಾವ. ಕೊಡಿ."

ಅತ್ತೆ ಬೇಗ ಎತ್ತಿದರು. ಫೋನಿನ ಹತ್ತಿರವೇ ಕೂತಿದ್ದರೆಂದು ಕಾಣುತ್ತದೆ.

"ಅತ್ತೆ, ನಾನು ಭುವನಾ. ಮಾವನ ರಿವಾಲ್ವರ್ ಇಟ್ಕಳ್ತಿದೀನಿ. ಅವರದ್ದು ನನಗೆ ಹೊಡೆಯಕ್ಕೆ ಬರ್ತಿಲ್ಲ. ಇದು ಬರ್ತದೆ. ತೀರ್ಮಾನ ನಂದೇ."

ಆ ಕಡೆ ಹಿತ್ತಲಿನಲ್ಲಿ ಯಾರೋ ಕೊಡ ಕೆಳಗಿಟ್ಟ ಸದ್ದು ಕೇಳಿಸಿತು.

"ಅವ್ನದನ್ನ ಮುಟ್ಟಿ ನೋಡ್ದ್ಯಾ?"

"ನೋಡ್ದೆ. ಹತ್ತು ಈಡು ಹೊಡ್ದೆ."

"ಹತ್ತು?"

"ಹತ್ತು, ಅತ್ತೆ."

"ಅವ್ನು ತಂದ್ಮೇಲೆ ಅಷ್ಟು ಯಾರೂ ಹೊಡ್ದಿರ್ಲಿಲ್ಲ ಬಿಡು" ಎಂದರು. "ಕೈಗೆ ಬರದೆ ಇರೋದ್ನ ಬೀರಲ್ಲಿಟ್ಟು ಏನ್ ಮಾಡದು? ಮನೆ ಕಾಯೋಳು ನೀನು. ನಿಂಗೆ ಬರೋದೇ ಇರ್ಲಿ. ಮಾವಂಗೆ ಹೊತ್ತಿಗೆ ಊಟ ಮಾಡ್ಸು."

ಫೋನನ್ನು ಮಾವನ ಕೈಗೆ ಕೊಟ್ಟೆ. ತಂಗಮ್ಮ ನನ್ನ ಹೆಬ್ಬೆರಳಿಗೆ ಪಟ್ಟಿ ಸುತ್ತುತ್ತಿದ್ದರು. ಈಗ ಉರಿಯುತ್ತಿತ್ತು. ಉರಿಯಲಿ ಎಂದು ಬಿಟ್ಟೆ.

ಗುರುವಯ್ಯನವರು ಹಾಲೇಶನ ಪಿಸ್ತೂಲನ್ನು ಒರೆಸಿ ಪೆಟ್ಟಿಗೆಯಲ್ಲಿಟ್ಟರು. ನಾನು ಫಾರಮ್ಮಿನಲ್ಲಿ ರಿವಾಲ್ವರಿನ ಸಂಖ್ಯೆ ಬರೆದೆ. ಕುಟುಂಬದವರ ಒಪ್ಪಿಗೆ ಎಂದಿದ್ದ ಕಡೆ ಮಾವ ನಡುಗುವ ಕೈಯಲ್ಲಿ ನಿಧಾನವಾಗಿ ಪೂರ್ತಿ ಹೆಸರು ಬರೆದರು. ಅದರ ಕೆಳಗೆ ಅತ್ತೆಯ ಸಹಿಗೆ ಜಾಗ ಬಿಟ್ಟು, ಕಾಗದ ಮಡಚಿ ಚೀಲದಲ್ಲಿಟ್ಟುಕೊಂಡೆ.