ಓರೆಗಣ್ಣಿನ ಆಕಾಶ

ಈಗಿದ್ದ, ಈಗಿಲ್ಲ — ಎಲ್ಲಿ ಹೋದ ಈ ಲುಬ್ಧಕ, ಇಡೀ ಆಕಾಶದಲ್ಲಿ ಇವನಷ್ಟು ಹೊಳೆಯುವ ನಕ್ಷತ್ರ ಇನ್ನೊಂದಿಲ್ಲ, ಸಂಜೆಗೆಂಪು ಪೂರ್ತಿ ಆರುವ ಮೊದಲೇ ತಾರಸಿಯ ಮೇಲೆ ಬಂದು ಹಾಜರಿ ಹಾಕುವವನು, ಅವನನ್ನೇ ಹಿಡಿದು ತಂದು ಕ್ಯಾಮೆರಾದ ವ್ಯೂಫೈಂಡರಿನ ನಟ್ಟನಡುವೆ ನಿಲ್ಲಿಸಿ ಹಳೇ ಅಭ್ಯಾಸದಂತೆ ಬಲಗಣ್ಣಿಟ್ಟರೆ ಅಲ್ಲಿ ನಕ್ಷತ್ರವಿಲ್ಲ, ಬೂದುಬಣ್ಣದ ಒಂದು ಮಚ್ಚೆ ಇದೆ, ಒದ್ದೆ ಬೆರಳಿನಲ್ಲಿ ಸ್ಲೇಟು ಉಜ್ಜಿದ ಹಾಗೆ, ಕಣ್ಣನ್ನು ಚೂರೇ ಚೂರು ಅತ್ತ ಹೊರಳಿಸಿದರೆ ಮಚ್ಚೆಯ ಅಂಚಿನಿಂದ ಇಣುಕುತ್ತಾನೆ, ಇತ್ತ ತಂದರೆ ಮಾಯ. ಕಣ್ಣಾಮುಚ್ಚಾಲೆ ಆಡೋ ವಯಸ್ಸೇನೋ ನಿಂದು, ಎಂದು ಬೈದು ಅವಳು ಟೆಲಿಸ್ಕೋಪಿನ ಫೋಕಸ್ ತಿರುಪನ್ನು ಅಂದಾಜಿನಲ್ಲೇ ತಿರುಗಿಸಿದಳು, ತಣ್ಣಗಿನ ತಿರುಪು, ಎಲ್ಲಿ ಸಡಿಲ ಎಲ್ಲಿ ಬಿಗಿ ಎಂದು ಬೆರಳಿಗೆಲ್ಲ ಗೊತ್ತು, ಆದರೆ ನಕ್ಷತ್ರ ಸೂಜಿಮೊನೆಯಾಯಿತೋ ಇನ್ನೂ ತಟ್ಟೆಯಷ್ಟು ಅಗಲವಾಗಿ ಹರಡಿಕೊಂಡಿದೆಯೋ, ಅದನ್ನು ಬೆರಳು ಹೇಳಲಾರದು, ಅದನ್ನು ಕಣ್ಣೇ ಹೇಳಬೇಕು. ಮೆಟ್ಟಿಲ ಬುಡದಿಂದ ಗಂಡನ ದನಿ, ಸಿಕ್ತೇನೇ? ಎಷ್ಟೋ ವರ್ಷಗಳಿಂದ ಇದೇ ಪ್ರಶ್ನೆ, ಅದೇ ಮೆಟ್ಟಿಲ ಬುಡದಿಂದ, ಅವಳ ಬಾಯಿ ತಾನಾಗಿಯೇ, ಸಿಕ್ತು ರೀ, ಅಂದುಬಿಡುತ್ತದೆ — ಏನು ಸಿಕ್ಕಿತು ಮಣ್ಣು! ಹಂಗಾದ್ರೆ ಆ ಮಚ್ಚೆ ಹೋಯ್ತಾ? ಎಲ್ಲಿ ಹೋಗುತ್ತೆ, ಹಂಗೇ ಇದೆ. ಇರು ಹಂಗಾದ್ರೆ, ಸಾಮಾನು ತಗೊಂಡು ಬರ್ತೀನಿ, ಇವತ್ತು ಆ ಕ್ಯಾಮೆರಾದ ಕನ್ನಡೀನೇ ಬಿಚ್ಚಿಬಿಡೋಣ, ಏನು ಸೇರ್ಕೊಂಡಿದೆಯೋ ನೋಡೇಬಿಡ್ತೀನಿ. ಕ್ಯಾಮೆರಾಕ್ಕೆ ಏನೂ ಆಗಿಲ್ಲ. ಆಗಿರುವುದು ಅವಳ ಕಣ್ಣಿಗೆ, ಅದನ್ನು ಇವರಿಗೆ ಇನ್ನೂ ಹೇಳಿಲ್ಲ, ಇವರು ನೋಡಿದರೆ ಗಟ್ಟಿಮುಟ್ಟಾಗಿರುವ ಕ್ಯಾಮೆರಾವನ್ನು ಬಿಚ್ಚಲು ಸ್ಕ್ರೂಡ್ರೈವರ್ ಹುಡುಕುತ್ತಿದ್ದಾರೆ.

ಡ್ರಾಯರು ಎಳೆದ ಸದ್ದು, ಕಬ್ಬಿಣಕ್ಕೆ ಕಬ್ಬಿಣ ತಾಗುವ ಆ ಕಿಣಿಕಿಣಿ, ಅದೇ ಸದ್ದನ್ನು ಅವಳು ಮೊದಲ ಸಲ ಕೇಳಿದ್ದು ಸ್ಟುಡಿಯೋದ ಬಾಗಿಲಲ್ಲಿ, ಆಗ ಅವಳು ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆಯುವ ಹುಡುಗಿ, ಬೆಳಿಗ್ಗೆ ಬಂದರೆ ಶಟರಿನ ಬೀಗ ಕೈಕೊಟ್ಟಿದೆ, ಗಿರಾಕಿಗಳು ತಲೆ ಬಾಚಿಕೊಂಡು ಪೌಡರ್ ಹಚ್ಚಿಕೊಂಡು ಬೀದಿಯಲ್ಲಿ ನಿಂತಿದ್ದಾರೆ, ಆಚೆ ರಸ್ತೆಯಿಂದ ಬೀಗ ರಿಪೇರಿಯವನೊಬ್ಬ ಬಂದ, ಬಂದವನೇ ಬೀಗಕ್ಕೆ ಕಿವಿ ಕೊಟ್ಟು ಕೂತ, ಒಳಗೇನಿದೆ ಮೇಡಂ, ಬಂಗಾರಾನಾ? ಜನರ ಮುಖ ಇದೆ, ಅಂದಿದ್ದಳು, ಬೇಗ ತೆಗೀರಿ, ಉಸಿರು ಕಟ್ಟುತ್ತೆ ಅವಕ್ಕೆ. ನಕ್ಕ. ಮರುದಿನ ತಾನೇ ಬಂದು ಸ್ಟೂಲಿನ ಮೇಲೆ ಕೂತ, ಫೋಟೋ ಬೇಕು ಅಂತ, ಎಲ್ಲಿಗೆ ಹೊರಟಿದ್ದೀರಿ, ಎಲ್ಲಿಗೂ ಇಲ್ಲ, ಎಲ್ಲಿಗೂ ಹೋಗದ ಆ ಮನುಷ್ಯ ಅದೆಷ್ಟು ಪಾಸ್‌ಪೋರ್ಟ್ ಫೋಟೋ ತೆಗೆಸಿಕೊಂಡನೋ, ಕೊನೆಗೆ ಸ್ಟುಡಿಯೋದ ಯಜಮಾನರೇ, ನೀನು ಇವನನ್ನ ಮದುವೆ ಆಗಿಬಿಡಮ್ಮ, ನಂಗೆ ಪೇಪರ್ ಆದ್ರೂ ಉಳಿಯುತ್ತೆ, ಅಂದಿದ್ದರು. ಆ ಯಜಮಾನರೇ, ಹೊಸ ಕ್ಯಾಮೆರಾ ಬಂದಾಗ ಹಳೆಯದನ್ನು ಅವಳ ಕೈಗಿಟ್ಟವರು, ಡಿಜಿಟಲ್ ಬಂದ ಹೊಸತರದ್ದು, ಇಟ್ಟಿಗೆಯಷ್ಟು ಭಾರ, ಈಗಿನವುಗಳ ಹಾಗೆ ನೋಡುತ್ತಿರುವುದನ್ನು ಹಿಂದಿನ ಪರದೆಯಲ್ಲಿ ತೋರಿಸುವ ನಾಜೂಕೆಲ್ಲ ಇಲ್ಲ, ಕಣ್ಣಿಟ್ಟು ನೋಡು, ಒತ್ತು, ಆಮೇಲೆ ಬಂದದ್ದನ್ನು ನೋಡು, ಅಷ್ಟೇ. ಯಾವುದೋ ಶಾಲೆ ಬೇಡವೆಂದು ಹೊರಗಿಟ್ಟ ಟೆಲಿಸ್ಕೋಪನ್ನು ಇವರು ಹೊತ್ತು ತಂದಿದ್ದರು, ಅದರ ಬಾಲಕ್ಕೆ ಈ ಕ್ಯಾಮೆರಾ ಕೂರಿಸಲು ಹಿತ್ತಾಳೆಯ ಬಳೆಯೊಂದನ್ನು ಕಡೆದರು, ಕಡೆದು ಉಜ್ಜಿ, ಉಜ್ಜಿ ಕಡೆದು, ಅಂಗಡಿಯ ಮುಂದೆ ಗಿರಾಕಿಗಳು ಬಾಯಿ ಬಡಿದುಕೊಂಡರೂ ತಲೆಯೆತ್ತದೆ, ಕಡೆಗೆ ಬಳೆ ಕಟಕ್ಕೆಂದು ಕೂತಾಗ ಇವರ ಮುಖ ನೋಡಬೇಕಿತ್ತು — ನನ್ನ ಕೈ, ನಿನ್ನ ಕಣ್ಣು, ಇನ್ನೇನು ಬೇಕೇ ನಮಗೆ.

ಮತ್ತೇನು ಬೇಕಿತ್ತು, ಏನೂ ಬೇಕಿರಲಿಲ್ಲ, ಆ ಚಳಿಗಾಲ ಮಹಾವ್ಯಾಧ ನಕ್ಷತ್ರಪುಂಜದ ಕತ್ತಿಯ ನಡುವೆ ಒಂದು ಹಿಡಿ ಮಬ್ಬು, ಬರಿಗಣ್ಣಿಗೆ ಉಸಿರಿನ ಹಬೆಯಷ್ಟು, ಅದೊಂದು ನೀಹಾರಿಕೆ, ನಕ್ಷತ್ರಗಳು ಹುಟ್ಟುವ ಮೋಡ, ಅದರ ಮೇಲೆ ಕ್ಯಾಮೆರಾ ತೆರೆದು ಒಂದರ ಹಿಂದೊಂದು ಫೋಟೋ, ಇವರು ಮೈತುಂಬ ರಗ್ಗು ಸುತ್ತಿಕೊಂಡು ಟೆಲಿಸ್ಕೋಪನ್ನು ಕೈಯಿಂದಲೇ ಆಕಾಶದ ಜೊತೆ ತಿರುಗಿಸುವುದು, ಉಸಿರು ಬಿಡ್ಬೇಡಿ ಅಲ್ಲಾಡುತ್ತೆ, ಉಸಿರು ಬಿಡ್ದೆ ಸಾಯ್ಲೇನೇ, ಸಾಯೋದಾದ್ರೆ ಫೋಟೋ ಮುಗಿದ ಮೇಲೆ ಸಾಯಿರಿ. ಆಮೇಲೆ ಆ ಫೋಟೋಗಳನ್ನೆಲ್ಲ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಪೇರಿಸಿದಾಗ ಕಪ್ಪಿನೊಳಗಿಂದ ಮೆಲ್ಲಗೆ ಕೆಂಪು ಎದ್ದುಬಂತು, ಕೆಂಪಿನೊಳಗೆ ರೆಕ್ಕೆ ಬಿಚ್ಚಿದಂಥ ತಿಳಿ ನೇರಳೆ, ಇವರು ಅವಳ ಭುಜದ ಮೇಲಿಂದ ಬಗ್ಗಿ ನೋಡಿ, ಇದೇನೇ, ಯಾರೋ ಶಾಯಿ ಚೆಲ್ಲಿಬಿಟ್ಟಿದಾರೆ, ಅಂದರು, ಅಂದವರು ಬೆಳಗಾಗುವ ತನಕ ಕದಲಲಿಲ್ಲ. ಎಂಥ ಸುಖದ ದಿನಗಳು. ದೊಡ್ಡ ಮನೆಯಲ್ಲ, ದೊಡ್ಡ ಕೆಲಸವಲ್ಲ, ಹಗಲೆಲ್ಲ ಅವಳಿಗೆ ಮುಖಗಳು ಇವರಿಗೆ ಬೀಗಗಳು, ಸಂಜೆಯಾದರೆ ಆಕಾಶ ಇಬ್ಬರದ್ದೂ. ಮಗಳು ನಡೆಯಲು ಕಲಿತದ್ದು ಈ ತಾರಸಿಯಲ್ಲೇ, ಟೆಲಿಸ್ಕೋಪಿನ ಕಾಲು ಹಿಡಿದುಕೊಂಡು, ಆಮೇಲೆ ಅದರೊಳಗೆ ಕಣ್ಣಿಟ್ಟು, ಅಮ್ಮ, ಏನೂ ಇಲ್ಲ, ಎಂದು ಅಳುಮುಖ ಮಾಡಿದಾಗ ಅವಳು ಹೇಳಿಕೊಟ್ಟದ್ದು, ನೇರ ನೋಡಬಾರದು ಮರಿ, ಪಕ್ಕ ನೋಡು, ಮಬ್ಬಾಗಿರೋದು ನಾಚಿಕೆ ಸ್ವಭಾವದ್ದು, ಕಣ್ಣಲ್ಲಿ ಕಣ್ಣಿಟ್ಟರೆ ಓಡಿಹೋಗುತ್ತೆ, ನೀನು ಬೇರೆಲ್ಲೋ ನೋಡ್ತಿರೋ ಹಾಗೆ ನಟಿಸು, ಆಗ ಮೆಲ್ಲಗೆ ಹತ್ತಿರ ಬರುತ್ತೆ. ಬಂತು ಬಂತು ಬಂತು, ಎಂದು ಮಗಳು ಕುಣಿದಿದ್ದಳು.

ಪಕ್ಕ ನೋಡು, ಪಕ್ಕ ನೋಡು, ತಾರಸಿಗೆ ಬಂದವರಿಗೆಲ್ಲ ಅದನ್ನೇ ಹೇಳಿ ಹೇಳಿ, ಕತ್ತಲಲ್ಲಿ ಕಣ್ಣಿನ ನಡುಭಾಗ ದಡ್ಡ, ಅಂಚೇ ಜಾಣ ಎಂದು ಹೇಳಿ ಹೇಳಿ ಅವಳ ಕಣ್ಣಿಗೇ ಅದು ಚಾಳಿಯಾಗಿಹೋಗಿತ್ತು, ನೇರ ನೋಡಿದ್ದು ಮಾಯವಾಗುವುದು, ಓರೆಗಣ್ಣಿಗೆ ಮರಳಿ ಬರುವುದು, ಇದರಲ್ಲೇನು ವಿಶೇಷ, ಆಕಾಶ ನೋಡುವವರಿಗೆ ಇದು ದಿನಬೆಳಗಾದರೆ ಇದ್ದದ್ದೇ. ಹಾಗಾಗಿ ಮುಸ್ಸಂಜೆಯಲ್ಲಿ ಬಸ್ಸಿನ ಬೋರ್ಡಿನಲ್ಲಿ ನಡುವಿನ ಅಕ್ಷರ ಕಾಣದೇ ಹೋದಾಗ ಅವಳು ಕಣ್ಣು ಹೊರಳಿಸಿ ಓದಿಕೊಂಡಳು, ಸೂಜಿಗೆ ದಾರ ಪೋಣಿಸುವಾಗ ಸೂಜಿಯ ಪಕ್ಕ ನೋಡಿದಳು, ಮಗಳು ಊರಿಗೆ ಬಂದಾಗ, ಅಮ್ಮ, ನನ್ನ ಮುಖ ನೋಡಿ ಮಾತಾಡೇ, ನನ್ನ ಕಿವಿ ಹತ್ರ ಏನಿದೆ, ಎಂದು ಕೇಳಿದರೆ, ನೀನೂ ಒಂದು ನೀಹಾರಿಕೆ ಕಣೇ, ಎಂದು ನಕ್ಕುಬಿಟ್ಟಳು. ಬೇರೆ ಯಾರಿಗಾದರೂ ಗಾಬರಿಯಾಗುತ್ತಿತ್ತು, ಅವಳಿಗೆ ಆಗಲಿಲ್ಲ, ಹುಚ್ಚಿ. ವ್ಯೂಫೈಂಡರಿನಲ್ಲಿ ಮಚ್ಚೆ ಕಂಡಾಗಲೂ ಬೈದದ್ದು ಕ್ಯಾಮೆರಾವನ್ನೇ, ಪಾಪದ ಮುದಿ ಕ್ಯಾಮೆರಾ, ಒಳಗಿನ ಕನ್ನಡಿಗೆ ಗಾಳಿ ಊದಿ ಒರೆಸಿದಳು, ಇವರ ಕೈಲಿ ಮೇಲಿನ ಗಾಜು ಬಿಚ್ಚಿಸಿ ತೊಳೆಸಿದಳು, ಮತ್ತೆ ಬಿಚ್ಚಿಸಿದಳು, ಬೆಳಗಿನ ಹೊತ್ತು ಟೆಲಿಸ್ಕೋಪಿನ ಬಾಯಿಗೆ ಬಿಳಿ ದಿಂಬಿನ ಕವರು ಬಿಗಿದು ಬರೀ ಬೆಳಕಿನ ಫೋಟೋ ತೆಗೆದಳು, ಹಾಗೆ ತೆಗೆದರೆ ಒಳಗಿನ ಧೂಳಿನ ಕಣಕಣವೂ ಕಪ್ಪು ಚುಕ್ಕೆಯಾಗಿ ಸಿಕ್ಕಿಬೀಳುತ್ತದೆ, ನನ್ನ ದಿಂಬಿನ ಮಾನ ಕಳೀತೀಯಲ್ಲೇ, ಎಂದು ಗೊಣಗುತ್ತಲೇ ಇವರು ಕಂಪ್ಯೂಟರಿನ ಮುಂದೆ ಮೂಗು ತಾಗಿಸಿ ಕೂತು ಹುಡುಕಿದರು, ಇಲ್ವಲ್ಲೇ, ಕ್ಲೀನಾಗಿದೆ, ಎಲ್ಲಿದೆ ನಿನ್ನ ಮಚ್ಚೆ? ಇದೆ ರೀ, ನಂಗೆ ಕಾಣ್ತಿದೆ, ನಿಮ್ಮ ಕಣ್ಣು ಸರಿಯಿಲ್ಲ — ಅಂದಳಲ್ಲ, ಇವರಿಗೆ ಅಂದಳಲ್ಲ, ನಿಮ್ಮ ಕಣ್ಣು ಸರಿಯಿಲ್ಲ ಅಂತ!

ಆಮೇಲೆ ಒಂದು ಸಂಜೆ ಬಲಗಣ್ಣಿಗೆ ಹುಳು ಬಿತ್ತು, ಅಷ್ಟೇ, ಒಂದು ಪುಟಾಣಿ ಹುಳು, ಉಜ್ಜಿಕೊಳ್ಳುತ್ತ ಸುಮ್ಮನೆ ಎಡಗಣ್ಣಿಟ್ಟಳು, ಜನ್ಮದಲ್ಲಿ ಇಟ್ಟವಳಲ್ಲ, ಸ್ಟುಡಿಯೋ ಕಾಲದಿಂದ ಎಡಗಣ್ಣು ಮುಚ್ಚಿಯೇ ಅಭ್ಯಾಸ — ಲುಬ್ಧಕ ಇದ್ದ. ನಟ್ಟನಡುವೆ, ಮಚ್ಚೆಯಿಲ್ಲ ಗಿಚ್ಚೆಯಿಲ್ಲ. ಬಲಗಣ್ಣು, ಇಲ್ಲ. ಎಡಗಣ್ಣು, ಇದ್ದಾನೆ. ಬಲ, ಇಲ್ಲ. ಬೋರಲು ಹಾಕಿದ್ದ ಬಕೆಟಿನ ಮೇಲೆ ಕುಸಿದು ಕೂತಳು, ಮೊದಲು ಬಂದದ್ದು ಭಯವಲ್ಲ, ಆ ಕ್ಯಾಮೆರಾದ ಮೇಲೆ ಅಯ್ಯೋ ಅನ್ನಿಸಿತು, ಸುಮ್ಮನೆ ಬೈಸಿಕೊಂಡಿತಲ್ಲ. ಹಳೇ ಗೆಳತಿಯನ್ನು ನೋಡಿಬರುತ್ತೇನೆಂದು ಹೇಳಿ ಕಣ್ಣಿನ ಆಸ್ಪತ್ರೆಗೆ ಹೋದಳು, ಡಾಕ್ಟರಮ್ಮ ಚೌಕುಳಿ ಗೆರೆಗಳ ಹಾಳೆ ಹಿಡಿದು, ಗೆರೆ ಹೇಗೆ ಕಾಣ್ತಿವೆ? ಮಧ್ಯದಲ್ಲಿ ಕಿಟಕಿ ಸರಳು ಬಗ್ಗಿಸಿ ಕಳ್ಳ ನುಗ್ಗಿದ ಹಾಗಿದೆ. ನಗಲಿಲ್ಲ ಡಾಕ್ಟರಮ್ಮ, ಕಣ್ಣಿನ ಪರದೆಯ ನಡುಭಾಗ ಸವೆದಿದೆ ಅಂದರು, ಹೋದದ್ದು ವಾಪಸ್ ಬರಲ್ಲ, ಎಡಗಣ್ಣಿಗೂ ಶುರುವಾಗಿದೆ, ಮಬ್ಬು ಬೆಳಕಲ್ಲಿ ಅದೂ ಕೈಕೊಡುತ್ತೆ, ಇಂಜೆಕ್ಷನ್ ಕೊಟ್ಟು ಅದನ್ನ ಉಳಿಸಿಕೊಳ್ಳೋಕೆ ನೋಡೋಣ, ಅಂಚಿನ ನೋಟ ಇರುತ್ತೆ, ಕತ್ತಲೆ ಆಗಲ್ಲ, ಆದ್ರೆ ಇಷ್ಟು ದಿನ ನಿಮಗೆ ಗೊತ್ತೇ ಆಗ್ಲಿಲ್ವಾ? ಏನು ಹೇಳುವುದು, ನಮ್ಮ ಕಸುಬಿನಲ್ಲಿ ಹೀಗೇ ನೋಡೋದು ಡಾಕ್ಟ್ರೇ, ಅನ್ನುವುದೇ? ಮನೆಯವರನ್ನ ಕರ್ಕೊಂಡು ಬನ್ನಿ. ಹೂಂ ಅಂದು ಬಂದಳು, ಬಂದವಳು ಚಹಾ ಮಾಡಿದಳು, ಗೆಳತಿ ಹೇಗಿದಾಳೆ ಎಂದು ಇವರು ಕೇಳಿದರೆ, ಸ್ವಲ್ಪ ದಪ್ಪ ಆಗಿದಾಳೆ, ಎಂದಳು. ಕಣ್ಣಿನ ಭಯ ಒಂದು ಕಡೆ, ಅದನ್ನು ಹೇಗೋ ನುಂಗಿಕೊಂಡಾಳು, ನುಂಗಲಾಗದ್ದು ಇನ್ನೊಂದು — ಹೇಳಿದ ಮರುಗಳಿಗೆ ಇವರು ಟೆಲಿಸ್ಕೋಪಿಗೆ ಬಟ್ಟೆ ಸುತ್ತಿ ಮೂಲೆಗಿಡುತ್ತಾರೆ, ಮೆಟ್ಟಿಲಲ್ಲಿ ತನ್ನ ಮೊಣಕೈ ಹಿಡಿಯುತ್ತಾರೆ, ಪಾಪ ಎಂದುಕೊಳ್ಳುತ್ತಾರೆ, ಮೆಟ್ಟಿಲ ಬುಡದಿಂದ ಆ ಪ್ರಶ್ನೆ ಇನ್ನೆಂದೂ ಕೇಳುವುದಿಲ್ಲ. ಅದು ಅವಳಿಗೆ ಬೇಡ.

ಹೆಜ್ಜೆ ಸದ್ದು, ಬಂದರು, ಏದುಸಿರು ಬಿಡುತ್ತ, ಹಣೆಗೆ ಕೆಂಪು ಬೆಳಕಿನ ಟಾರ್ಚು ಕಟ್ಟಿಕೊಂಡು, ಕತ್ತಲಿಗೆ ಹೊಂದಿಕೊಂಡ ಕಣ್ಣು ಕೆಡದಿರಲಿ ಎಂದು ಇವರೇ ಮಾಡಿದ್ದು, ಸರಿ ಸರಿ ಆಚೆ ಸರಿ, ಎಂದು ಕ್ಯಾಮೆರಾವನ್ನು ಬಳೆಯಿಂದ ಕಳಚಿ ತಾರಸಿಯ ಗೋಡೆಯ ಮೇಲಿಟ್ಟರು, ಪುಟ್ಟ ಸ್ಕ್ರೂಡ್ರೈವರನ್ನು ತುಟಿಯಲ್ಲಿ ಕಚ್ಚಿಕೊಂಡು, ಈ ಕನ್ನಡಿ ಒಂದ್ಸಲ ಕಿತ್ತರೆ ಮತ್ತೆ ಕೂರುತ್ತೋ ಇಲ್ವೋ ದೇವರಿಗೇ ಗೊತ್ತು ಕಣೇ, ಆದ್ರೂ ನೋಡೋಣ, ನಿನ್ನ ಮಚ್ಚೆಗೊಂದು ಗತಿ ಕಾಣಿಸ್ಬೇಕಲ್ಲ. ಮೊದಲ ಸ್ಕ್ರೂ ಕಿರ್ರೆಂದಿತು. ಆ ಕಿರ್ರು ಅವಳ ಹಲ್ಲಿನ ಬೇರಿಗೇ ಇಳಿದಂತಾಗಿ, ಬಿಚ್ಚಬೇಡಿ ರೀ, ಅಂದಳು, ಯಾಕೆ, ಬಿಚ್ಚಬೇಡಿ, ಕ್ಯಾಮೆರಾ ಸರಿಯಾಗಿದೆ. ಮತ್ತೆ ಮಚ್ಚೆ? ಅದು ನನ್ನ ಕಣ್ಣಲ್ಲಿದೆ — ಅಂದುಬಿಟ್ಟಳು, ಆಮೇಲೆ ಬಾಯಿ ನಿಲ್ಲಲಿಲ್ಲ, ಹುಳು, ಆಸ್ಪತ್ರೆ, ಚೌಕುಳಿ ಹಾಳೆ, ಎಡಗಣ್ಣು, ಇಂಜೆಕ್ಷನ್ನು, ಗೆಳತಿ ದಪ್ಪ ಆಗಿದ್ದು ಸುಳ್ಳು, ಎಲ್ಲ ಒಂದೇ ಉಸಿರಿಗೆ, ಹೇಳುತ್ತ ಇವರ ಮುಖವನ್ನೇ ನೇರ ನೋಡುತ್ತಿದ್ದಳು, ಹೆಂಡತಿಯಾದವಳು ಇಂಥ ಮಾತನ್ನು ಮುಖ ನೋಡಿಯೇ ಹೇಳಬೇಕಲ್ಲ, ಆದರೆ ಈ ಮಬ್ಬು ಬೆಳಕಿನಲ್ಲಿ ಎಡಗಣ್ಣೂ ಕೈಕೊಟ್ಟು ಮುಖವಿರುವಲ್ಲಿ ಮಚ್ಚೆ, ಮೇಲೊಂದು ಕೆಂಪು ದೀಪ ಕೆಳಗೊಂದು ಸ್ವೆಟರು, ನಡುವೆ ಬೂದು.

ಅವಳಿಗೆ ತಡೆಯಲಾಗಲಿಲ್ಲ, ಕಣ್ಣನ್ನು ಇವರಿಂದ ತೆಗೆದು ಪಕ್ಕದ ನೀರಿನ ತೊಟ್ಟಿಯ ಮೇಲಿಟ್ಟಳು, ಕೂಡಲೇ ಅಂಚಿನಲ್ಲಿ ಇವರು ಬಂದರು, ಕಿವಿ, ಕೆನ್ನೆ, ಬಿಳಿ ಕುರುಚಲು ಗಡ್ಡ, ಮೆಲ್ಲಗೆ, ಕಪ್ಪಿನೊಳಗಿಂದ ಮೇಲೆದ್ದು. ಅಯ್ಯೋ ಅಷ್ಟೇನಾ, ಅಂದರು ಇವರು, ದನಿ ಗಟ್ಟಿಯಾಗಿತ್ತು, ಎಂದಿನ ದನಿ, ಅಂಗಡಿಯಲ್ಲಿ ಗಿರಾಕಿಗೆ ಧೈರ್ಯ ಹೇಳುವ ದನಿ, ನಾನೆಲ್ಲೋ ಕ್ಯಾಮೆರಾನೇ ಹೋಯ್ತು ಅಂದ್ಕೊಂಡಿದ್ದೆ. ನಾಳೆ ಇಬ್ರೂ ಹೋಗೋಣ ಡಾಕ್ಟರ ಹತ್ರ. ಈಗ ಫೋಕಸ್ ಮಾಡ್ತೀಯೋ ಇಲ್ವೋ, ಎಡಗಣ್ಣು ಇದೆಯಲ್ಲ, ಸುಮ್ನೆ ಹೊತ್ತು ಕಳೀಬೇಡ. ದನಿ ಹಾಗೆ, ಆದರೆ ಗದ್ದ — ಇವರ ಗದ್ದ ಅದುರುತ್ತಿತ್ತು. ಅವಳು ತೊಟ್ಟಿ ನೋಡುತ್ತಿದ್ದಾಳೆ, ತನ್ನನ್ನಲ್ಲ, ಎಂದುಕೊಂಡಿದ್ದರು ಇವರು, ಅದಕ್ಕೇ ಮುಖಕ್ಕೆ ಬಾಗಿಲು ಹಾಕಿಕೊಂಡಿರಲಿಲ್ಲ, ಮಗಳನ್ನು ದೂರದೂರಿಗೆ ಕಳಿಸಿದ ದಿನ ಕೂಡ ಬೆನ್ನು ತಿರುಗಿಸಿ ಯಾವುದೋ ಬೀಗಕ್ಕೆ ಎಣ್ಣೆ ಬಿಡುತ್ತ ಕೂತಿದ್ದ ಮನುಷ್ಯ, ಇಷ್ಟು ವರ್ಷದ ಸಂಸಾರದಲ್ಲಿ ಒಮ್ಮೆಯೂ ತೋರಿಸದ ಮುಖ, ಕೆಂಪು ಬೆಳಕಿನಲ್ಲಿ ಒದ್ದೆ ಕೆನ್ನೆ, ಬಿಗಿಹಿಡಿದ ತುಟಿ, ಅದುರುವ ಗದ್ದ, ಏನೇ, ಮಾತಾಡೇ, ಅನ್ನುತ್ತಿದೆ ಗಟ್ಟಿ ದನಿ, ಹೂಂ ರೀ, ಮಾಡ್ತೀನಿ, ಮಾಡ್ತೀನಿ, ಅನ್ನುತ್ತಾಳೆ ಅವಳು, ಕಣ್ಣು ಕದಲಿಸುವುದಿಲ್ಲ, ಕದಲಿಸಬಾರದು, ನೇರ ನೋಡಿದರೆ ಹೋಗಿಬಿಡುತ್ತದೆ, ತೊಟ್ಟಿ, ತೊಟ್ಟಿಯನ್ನೇ ನೋಡು, ತೊಟ್ಟಿಯ ಪಕ್ಕ ಗದ್ದ, ಅದುರುವ ಗದ್ದ, ಅದುರುತ್ತಲೇ ಇರುವ ಆ ಗದ್ದ